ಅಪ್ಪನನ್ನು ಬೈಯುವ ಸಭೆ

‘ಒಂದು, ಎರಡು, ಮೂರು’ ಎಂದು ಅಮೃತಾ ಮನಸ್ಸಿನಲ್ಲೇ ಎಣಿಸಿದಳು. ಮೈಕಿನ ಮುಂದೆ ತಲೆ ತಗ್ಗಿಸಿ ನಿಂತಿದ್ದಳು. ಅವಳ ಎಣಿಕೆ ಮುಗಿಯುವುದಕ್ಕೂ ಮುಂದಿನ ಸಾಲಿನ ಅಜ್ಜಿಯೊಬ್ಬಳು ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳುವುದಕ್ಕೂ ಸರಿಹೋಯಿತು.

ಅಮೃತಾ ಮೆಲ್ಲಗೆ ತಲೆ ಎತ್ತಿದಳು. “ನನ್ನ ಪೂಜ್ಯ ತಂದೆಯವರಾದ ಉಮಾಪತಿಯವರು ಇಂದು ನಮ್ಮೊಂದಿಗಿಲ್ಲ. ಆದರೆ ಅವರ ಎರಡು ಮೂತ್ರಪಿಂಡಗಳು, ಯಕೃತ್ತು ಹಾಗೂ ಎರಡು ಕಣ್ಣುಗಳು ಐದು ಜನರ ಬಾಳಿಗೆ ಬೆಳಕಾಗಿವೆ!”

ಚಪ್ಪಾಳೆ ಬಿತ್ತು. ಅವಳಿಗೂ ಅವ್ವನಿಗೂ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಫೋಟೋ ತೆಗೆದರು. ಕುಕನೂರಿನ ಯುವಕ ಸಂಘದವರ ಈ ಕಾರ್ಯಕ್ರಮ ಅಮೃತಾಳಿಗೆ ಒಂಬತ್ತನೆಯ ಸನ್ಮಾನ.

ಅಮೃತಾ ಈಗ ಹೈಸ್ಕೂಲಿನಲ್ಲಿದ್ದಾಳೆ. ಆ ದಿನಗಳ ಮಾತು ತೆಗೆದರೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಗುತ್ತಾಳೆ. “ಬರೀರಿ, ಬರೀರಿ. ನನ್ನ ಮಾನ ಪೂರಾ ತಗೀರಿ” ಎನ್ನುತ್ತಾಳೆ. ಈ ಕತೆಯಲ್ಲಿ ಅವಳನ್ನು ಹಂಗಿಸಿದ್ದೆಲ್ಲ ಅವಳೇ ಹೇಳಿಕೊಟ್ಟದ್ದು. ನಾನು ಬರೆದುಕೊಂಡೆ, ಅಷ್ಟೆ.

ಆಗ ಅವಳು ಐದನೇ ಕ್ಲಾಸು. ಅಪ್ಪನಿಗೆ ಕುಕನೂರಿನ ಬಜಾರಿನಲ್ಲಿ ಫ್ಯಾನು, ಮಿಕ್ಸರು ರಿಪೇರಿ ಮಾಡುವ ಸಣ್ಣ ಅಂಗಡಿ ಇತ್ತು. ಒಂದು ದಿನ ತಳಕಲ್ ಹತ್ತಿರ ಬೈಕಿನಿಂದ ಬಿದ್ದ. ತಲೆಗೆ ಪೆಟ್ಟಾಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಮೂರು ದಿನ ಇಟ್ಟುಕೊಂಡ ಡಾಕ್ಟರು, “ಮೆದುಳು ಪೂರ್ತಿ ನಿಂತುಹೋಗಿದೆ. ಇನ್ನು ಇವರು ಏಳುವುದಿಲ್ಲ. ಆದರೆ ಇವರ ಅಂಗಗಳಿಂದ ಬೇರೆಯವರು ಬದುಕಬಹುದು” ಎಂದರು. ಅವ್ವ ಕಳಕಮ್ಮ ಗೋಡೆಗೆ ಒರಗಿ ಕೂತು ಬಹಳ ಹೊತ್ತು ಅತ್ತಳು. ಆಮೇಲೆ ಕಾಗದಕ್ಕೆ ಸಹಿ ಮಾಡಿದಳು.

ಮೊದಮೊದಲು ಮನೆ ತುಂಬ ಜನ ಬಂದರು. ಎರಡು ತಿಂಗಳು ಕಳೆದ ಮೇಲೆ ಸನ್ಮಾನಕ್ಕೆ ಕರೆಯುವವರನ್ನು ಬಿಟ್ಟರೆ ಬಾಗಿಲಿಗೆ ಬರುವವರೇ ಇಲ್ಲ. ಸಾಲದ್ದಕ್ಕೆ ಒಂದು ದಿನ ನಳದ ಹತ್ತಿರ ಓಣಿಯ ಪಾರಮ್ಮ, “ಎಲ್ಲಾ ಕೊಟ್ಟಿ ಅಡ್ಡಿಯಿಲ್ಲ, ಕಣ್ಣು ಕೊಡಬಾರದಿತ್ತು ನೋಡವಾ. ಮುಂದಿನ ಜನ್ಮದಾಗ ಕುರುಡ ಆಗಿ ಹುಟ್ಟತಾನ” ಎಂದುಬಿಟ್ಟಳು.

ಅವ್ವ ಅರ್ಧ ತುಂಬಿದ ಕೊಡ ಎತ್ತಿಕೊಂಡು ಮನೆಗೆ ಬಂದಳು. ಅವತ್ತಿನಿಂದ ಅಪ್ಪನ ಮಾತೇ ಎತ್ತಲಿಲ್ಲ. ಅಂಗನವಾಡಿಗೆ ಅಡುಗೆ ಮಾಡಲು ಹೋಗುವಳು, ಬರುವಳು, ಮಲಗುವಳು. ಸ್ಟೇಜಿನ ಮೇಲೆ ಕೂರಿಸಿದರೂ ನೆಲ ನೋಡುತ್ತ ಕೂರುವಳು.

ಹಾಗಾಗಿ ಮಾತಾಡುವ ಕೆಲಸವೆಲ್ಲ ಅಮೃತಾಳದೇ ಆಯಿತು. ಭಾಷಣ ಬರೆದುಕೊಟ್ಟವರು ಅವಳ ಶಾಲೆಯ ರುದ್ರೇಶ ಸರ್. ಪಾಪ, ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದರು. ‘ಇಲ್ಲಿ ನಿಲ್ಲು, ಮೂರು ಎಣಿಸು’ ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದರು. ಅಮೃತಾ ಅದನ್ನು ಮಗ್ಗಿಯ ಹಾಗೆ ಉರು ಹೊಡೆದಳು. ನಾಲ್ಕನೆಯ ಸನ್ಮಾನದ ಹೊತ್ತಿಗೆ, ಎಲ್ಲಿ ದನಿ ಸ್ವಲ್ಪ ನಡುಗಿಸಿದರೆ ಎಷ್ಟು ಜನ ಕಣ್ಣು ಒರೆಸಿಕೊಳ್ಳುತ್ತಾರೆ ಎನ್ನುವುದೂ ಅವಳಿಗೆ ಗೊತ್ತಾಗಿತ್ತು.

ತಾನು ಬಲು ದೊಡ್ಡ ಮನುಷ್ಯಳು ಎನ್ನುವ ಭ್ರಮೆ ಅವಳಿಗೆ ಬಂದದ್ದೂ ಆಗಲೇ. ಅಂಗಡಿಗೆ ಬೆಲ್ಲ ತರಲು ಹೋದರೂ ಅಂಗಡಿಯವನಿಗೆ ನಮಸ್ಕಾರ ಮಾಡುವಳು. ಪೇಪರಿನಲ್ಲಿ ಬಂದ ಫೋಟೋವನ್ನು ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದಳು. ಆ ಫೋಟೋದಲ್ಲಿ ಅವಳ ಅರ್ಧ ಮುಖಕ್ಕೆ ಮೈಕು ಅಡ್ಡ ಬಂದಿತ್ತು. ಇನ್ನು ಆ ಶಾಲುಗಳೋ! ಫಳಫಳ ಹೊಳೆಯುತ್ತಿದ್ದವು. ಆದರೆ ಒಂದನ್ನು ಹೊದ್ದು ಮಲಗಿದ ದಿನ ಚಳಿ ಹೋಗಲಿಲ್ಲ, ಮೈಯೆಲ್ಲ ಕೆರೆತ ಬಂತು.

ಒಂದು ದಿನ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದ ಅಸ್ಲಮ ಕೇಳಿದ.

“ಏ ಅಮೃತಾ, ನಿಮ್ಮಪ್ಪ ಭಾರಿ ಮಜಾ ಇದ್ರು. ನಾ ಅಂಗಡಿಗೆ ಮಿಕ್ಸರ್ ತಗೊಂಡು ಹೋದಾಗೆಲ್ಲಾ ನಗಸ್ತಿದ್ರು. ಮನ್ಯಾಗೂ ಹಂಗ ಮಾತಾಡ್ತಿದ್ರೇನು?”

ಅಮೃತಾ ತುತ್ತು ನುಂಗಿ ಬಾಯಿ ತೆರೆದಳು. “ನನ್ನ ಪೂಜ್ಯ ತಂದೆಯವರು ಪರೋಪಕಾರಿಗಳೂ ಮೃದುಭಾಷಿಗಳೂ ಆಗಿದ್ದು...”

“ಏ ಮಾರಾಯ್ತಿ, ಅನ್ನ ಉಣ್ಣುವಾಗನೂ ಭಾಷಣ ಏನು?” ಅಸ್ಲಮ ಬಿದ್ದು ಬಿದ್ದು ನಕ್ಕ. “ನಾ ನಿಮ್ಮಪ್ಪನ ಬಗ್ಗೆ ಕೇಳಾಕತ್ತೀನಿ!”

ಅಮೃತಾಳೂ ನಕ್ಕಳು. ಆದರೆ ಕಲಸಿದ ತುತ್ತನ್ನು ಮತ್ತೆ ತಟ್ಟೆಯಲ್ಲೇ ಇಟ್ಟಳು. ಅಪ್ಪ ಮನೆಯಲ್ಲಿ ಹೇಗೆ ಮಾತಾಡುತ್ತಿದ್ದ? ನೆನಪಿಸಿಕೊಳ್ಳಲು ನೋಡಿದಳು. ‘ಪೂಜ್ಯ ತಂದೆಯವರು’ ಎನ್ನುವ ತನ್ನ ದನಿಯೇ ಕೇಳಿಸಿತು. ಇನ್ನೊಮ್ಮೆ ನೋಡಿದಳು. ಮತ್ತೆ ಅದೇ. ಅಪ್ಪನ ಮುಖ ಕಾಣುತ್ತಿತ್ತು, ದನಿ ಮಾತ್ರ ಇಲ್ಲ. ಸತ್ತು ಎಂಟು ತಿಂಗಳಿಗೇ ಅಪ್ಪನನ್ನು ಮರೆಯುತ್ತಿದ್ದೇನೆಯೇ ಎಂದು ಅವಳಿಗೆ ಬಹಳ ಹೆದರಿಕೆಯಾಯಿತು. ಯಾರಿಗೆ ಹೇಳುವುದು? ಐದು ಜನರಿಗೆ ಬೆಳಕಾದ ಅಪ್ಪನ ಮಗಳು ಅಪ್ಪನನ್ನೇ ಮರೆತಳು ಎಂದು ಗೊತ್ತಾಗಿ ಕೊಟ್ಟ ಶಾಲು ವಾಪಸ್ ಕೇಳಿದರೆ ಏನು ಗತಿ ಎಂದೂ ಅನ್ನಿಸಿತಂತೆ.

ಅದೇ ವಾರ ಫೋನು ಬಂತು. ಅವ್ವ ಮನೆಯಲ್ಲಿರಲಿಲ್ಲ. ಅಮೃತಾಳೇ ಎತ್ತಿದಳು.

“ಬೇಟಾ, ನಾನು ಕೊಪ್ಪಳದಿಂದ ಶಬ್ಬೀರಸಾಬ. ದವಾಖಾನಿಯವ್ರು ನಿಮ್ಮ ನಂಬರ್ ಕೊಟ್ರು. ಅಂಗದಾನ ಮಾಡಿದ ಮನಿಯವ್ರು ನಾವೊಂದಿಷ್ಟು ಮಂದಿ ಈ ಐತವಾರ ನಮ್ಮ ಮನ್ಯಾಗ ಕೂಡತೀವಿ. ಅವ್ವನ್ನ ಕರಕೊಂಡು ಬಾ.”

“ಆಯ್ತ್ರಿ. ಭಾಷಣ ಎಷ್ಟು ನಿಮಿಷ ಮಾಡ್ಬೇಕ್ರಿ?”

“ನಿನಗ ಎಷ್ಟು ಬೇಕೋ ಅಷ್ಟು ಮಾತಾಡು ಬೇಟಾ” ಎಂದರು ಶಬ್ಬೀರಸಾಬ.

ಇಷ್ಟು ಒಳ್ಳೆಯ ಸಂಘಟಕರು ಅಮೃತಾಳಿಗೆ ಅದುವರೆಗೂ ಸಿಕ್ಕಿರಲಿಲ್ಲ. ಎಲ್ಲರೂ ಐದು ನಿಮಿಷಕ್ಕೇ ಹಿಂದಿನಿಂದ ‘ಮುಗಿಸು’ ಎಂದು ಚೀಟಿ ಕೊಡುತ್ತಿದ್ದರು.

ಅವ್ವ ಮಾತ್ರ ಒಪ್ಪಲಿಲ್ಲ. “ಸಾಕಾಗೇತಿ ನನಗ ಈ ಸನ್ಮಾನ. ನೀ ಬೇಕಾದ್ರ ನಿಮ್ಮ ಸರ್ ಜೋಡಿ ಹೋಗು.”

“ಇದು ಕೊಪ್ಪಳಬೇ! ಜಿಲ್ಲಾ ಮಟ್ಟದ್ದು!”

ಅಮೃತಾ ಎರಡು ದಿನ ಬೆನ್ನು ಹತ್ತಿದಳು. ಕೊನೆಗೆ ಅವ್ವ ಬೇಸತ್ತು ಹೂಂ ಎಂದಳು. ಜಿಲ್ಲಾ ಮಟ್ಟ ಎಂದು ಅಮೃತಾ ಭಾಷಣಕ್ಕೆ ಇನ್ನೂ ಎರಡು ಕಡೆ ‘ಮೂರು ಎಣಿಸು’ ಸೇರಿಸಿಕೊಂಡಳು. ಎಷ್ಟು ಜೋರಾಗಿ ಹೇಳಿದರೆ ಅಷ್ಟು ಹೆದರಿಕೆ ಹೋಗುತ್ತದೆ ಎಂದುಕೊಂಡಿದ್ದಳು. ಹೋಗಲಿಲ್ಲ.

ಭಾನುವಾರ ಹೊಸ ಫ್ರಾಕು ಹಾಕಿಕೊಂಡು, ಎರಡು ಜಡೆಗೂ ರಿಬ್ಬನ್ ಕಟ್ಟಿಕೊಂಡು ಅಮೃತಾ ಕೊಪ್ಪಳದಲ್ಲಿ ಬಸ್ಸಿಳಿದಳು. ಪೆಂಡಾಲು ಎಲ್ಲಾದರೂ ಕಾಣುತ್ತದೆಯೇ ಎಂದು ಕತ್ತು ಚಾಚಿ ನೋಡುತ್ತ ನಡೆದಳು. ವಿಳಾಸ ಕೇಳುತ್ತ ಹೋದರೆ ಒಂದು ಸಣ್ಣ ಮನೆ ಬಂತು. ಅಂಗಳದಲ್ಲಿ ಬೇವಿನ ಗಿಡ, ಗಿಡದ ಕೆಳಗೆ ಜಮಖಾನ. ಅದರ ಮೇಲೆ ಮೂರೇ ಜನ ಕೂತು ಮಂಡಕ್ಕಿಯ ವಗ್ಗರಣಿ, ಮಿರ್ಚಿ ಬಜ್ಜಿ ತಿನ್ನುತ್ತಿದ್ದರು.

“ಸ್ಟೇಜ್ ಎಲ್ಲೈತ್ರಿ?” ಎಂದಳು ಅಮೃತಾ.

“ಜಮಖಾನ ಐತಿ. ಬರ್ರಿ, ಕುಂದರ್ರಿ” ಎಂದು ಬಿಳಿ ಗಡ್ಡದ ಶಬ್ಬೀರಸಾಬ ಎದ್ದು ನಿಂತರು. ಅವರು ರಿಟೈರ್ ಆದ ಬಸ್ ಕಂಡಕ್ಟರು. ಹೆಂಡತಿಯ ಅಂಗಗಳನ್ನು ಕೊಟ್ಟಿದ್ದರು. ಪಕ್ಕದಲ್ಲಿದ್ದವರು ಗಂಗಾವತಿಯ ಪಂಪಾಪತಿ. ಅವರು ಕಳೆದುಕೊಂಡದ್ದು ತಮ್ಮನನ್ನು. ಮೂರನೆಯವಳು ಇರಕಲ್ಲಗಡದ ಹುಲಗಮ್ಮ ಅಜ್ಜಿ. ಕುರಿ ಸಾಕುವವಳು. ಅವಳ ಮಗ ಯಮನೂರ ತೀರಿಹೋಗಿ ಎರಡು ವರ್ಷವಾಗಿತ್ತು.

ಮೈಕಿಲ್ಲದಿದ್ದರೇನು, ಬಂದ ಕೆಲಸ ಮುಗಿಸೋಣ ಎಂದು ಅಮೃತಾ ನಿಂತುಕೊಂಡೇ ಶುರು ಮಾಡಿದಳು. “ವೇದಿಕೆಯ ಮೇಲಿನ ಗಣ್ಯರೇ...” ವೇದಿಕೆಯಿಲ್ಲ ಎಂದು ನೆನಪಾಗಿ, “ಜಮಖಾನದ ಮೇಲಿನ ಗಣ್ಯರೇ” ಎಂದು ತಿದ್ದಿಕೊಂಡಳು. ಎರಡು ಸಾಲು ಹೇಳಿ, ತಲೆ ತಗ್ಗಿಸಿ, ಮೂರು ಎಣಿಸಿದಳು. ಯಾರೂ ಕಣ್ಣು ಒರೆಸಿಕೊಳ್ಳಲಿಲ್ಲ. ಪಂಪಾಪತಿ ಮೆಣಸಿನಕಾಯಿಯ ತೊಟ್ಟು ಕೀಳುತ್ತಿದ್ದರು.

“ಸಾಕು, ಕುಂದ್ರವ್ವಾ” ಎಂದಳು ಹುಲಗಮ್ಮಜ್ಜಿ. “ಇಂಥಾವು ನಮಗೂ ಬರ್ತಾವ. ನಾನೂ ಆರು ಶಾಲು ತಗೊಂಡೀನಿ. ಎರಡು ಕುರಿಮರಿಗೆ ಹೊಚ್ಚೀನಿ.”

ಶಬ್ಬೀರಸಾಬ ನಗುತ್ತ ಹೇಳಿದರು. “ನಮ್ಮಲ್ಲಿ ಒಂದು ರೂಲ್ ಐತಿ ಬೇಟಾ. ಹೊರಗ ಎಲ್ಲಾರೂ ನಮ್ಮವರನ್ನ ದೇವ್ರು ಮಾಡ್ಯಾರ. ದೇವ್ರ ಜೋಡಿ ಜಗಳಾ ಆಡಾಕ ಬರತೈತೇನು? ಅದಕ್ಕ ಇಲ್ಲಿ ಹೊಗಳಂಗಿಲ್ಲ. ಬೈಬೇಕು. ನೋಡು, ನಮ್ಮಾಕಿ ಚಹಾಕ್ಕ ಸಕ್ಕರಿನ ಹಾಕ್ತಿದ್ದಿಲ್ಲ. ಕೇಳಿದ್ರ ಮರತೆ ಅಂತಿದ್ಲು. ದಿನಾ ಮರೀತಾರೇನು ಯಾರರ?”

“ನನ್ನ ತಮ್ಮ ನನ್ನ ಅಂಗಿ ಎಲ್ಲಾ ಹಾಕ್ಕೊಂಡು ಹೋಗ್ತಿದ್ದ” ಎಂದರು ಪಂಪಾಪತಿ. “ಕೇಳಿದ್ರ, ಅಣ್ಣಾ ನಿನಗ ಹೊಟ್ಟಿ ಬಂದೈತಿ, ಇದು ಹಿಡಸಂಗಿಲ್ಲ ಅಂತಿದ್ದ.”

“ನನ್ನ ಮಗ ಉಂಡ ಗಂಗಾಳದಾಗ ಕೈ ತೊಳೀತಿದ್ದ” ಎಂದಳು ಹುಲಗಮ್ಮಜ್ಜಿ. “ಸಾವಿರ ಸರ್ತಿ ಬೈದೀನಿ. ಕೇಳಬೇಕಲ್ಲ!”

ಮೂವರೂ ನಕ್ಕರು. ಅಮೃತಾಳಿಗೆ ಗಾಬರಿಯಾಯಿತು. ಸತ್ತವರನ್ನು ಬೈದು ನಗುವ ದೊಡ್ಡವರನ್ನು ಅವಳು ಎಲ್ಲೂ ನೋಡಿರಲಿಲ್ಲ.

ಅಷ್ಟರಲ್ಲಿ ಅವ್ವ ತಲೆ ಎತ್ತದೆಯೇ ಕೇಳಿದಳು. “ಯಮ್ಮಾ, ಮಗನ ಕಣ್ಣೂ ಕೊಟ್ಟೀರೇನ್ರಿ?”

“ಹೂಂ, ಎರಡೂ ಕೊಟ್ಟೀನಿ.”

“ಮಂದಿ ಅಂತಾರಲ್ರಿ... ಮುಂದಿನ ಜನ್ಮದಾಗ ಕುರುಡ ಆಗಿ ಹುಟ್ಟತಾರ ಅಂತ.”

“ನನಗೂ ಅಂದ್ರವ್ವಾ.” ಹುಲಗಮ್ಮಜ್ಜಿ ಅವ್ವನ ಹತ್ತಿರಕ್ಕೆ ಸರಿದು ಕೂತಳು. “ಹುಟ್ಟಿದ್ರ ಹುಟ್ಲಿ ಅಂದೆ. ಕೈ ಹಿಡದು ನಡಸಾಕ ನಾ ಇರ್ತೀನಲ್ಲ!”

ಅವ್ವ ಅಜ್ಜಿಯ ಮುಖವನ್ನೇ ನೋಡಿದಳು. ಆಮೇಲೆ ಅವಳ ಭುಜಕ್ಕೆ ಹಣೆ ಹಚ್ಚಿ ಅತ್ತಳು. ಯಾರೂ ಅಳಬೇಡ ಎನ್ನಲಿಲ್ಲ. ಶಬ್ಬೀರಸಾಬ ಒಳಗೆ ಹೋಗಿ ಚಹಾ ತಂದಿಟ್ಟರು. ಅದಕ್ಕೆ ಸಕ್ಕರೆ ಇರಲಿಲ್ಲ.

“ಈಗ ನೀ ಹೇಳವ್ವಾ” ಎಂದರು ಪಂಪಾಪತಿ. “ನಿಮ್ಮಪ್ಪಂದು ಏನು ತಕರಾರು?”

ಅಮೃತಾ ಬಾಯಿ ತೆರೆದಳು. “ನನ್ನ ಪೂಜ್ಯ...” ಎಂದು ನಿಲ್ಲಿಸಿದಳು. ಮತ್ತೆ ತೆರೆದಳು. ಏನೂ ಬರಲಿಲ್ಲ. ಒಂಬತ್ತು ಸ್ಟೇಜು ಹತ್ತಿದ ಭಾಷಣಕಾರ್ತಿ ಫ್ರಾಕಿನ ಅಂಚು ಹಿಂಡತೊಡಗಿದಳು.

“ನನಗ ನೆನಪ ಆಗವಲ್ದ್ರಿ” ಎಂದಳು ಸಣ್ಣ ದನಿಯಲ್ಲಿ. “ಭಾಷಣ ಅಷ್ಟ ನೆನಪೈತಿ. ಅಪ್ಪನ ದನಿ ಹೆಂಗಿತ್ತಂತ ಮರತುಬಿಟ್ಟೀನಿ.”

ಹೇಳಿದ್ದೇ ತಡ, ಎಲ್ಲರೂ ಛೀ ಎನ್ನುತ್ತಾರೆ ಎಂದು ಕಣ್ಣು ಮುಚ್ಚಿಕೊಂಡಳು. ಯಾರೂ ಛೀ ಎನ್ನಲಿಲ್ಲ. ಅವ್ವನ ದನಿ ಕೇಳಿಸಿತು.

“ನಾ ಹೇಳ್ತೀನ್ರಿ.” ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ಊರ ಮಂದಿ ಫ್ಯಾನೆಲ್ಲಾ ರಿಪೇರಿ ಮಾಡ್ತಿದ್ರು. ನಮ್ಮ ಮನಿ ಫ್ಯಾನು ಮೂರು ವರ್ಷದಿಂದ ಕಟಕಟ ಅಂತೈತಿ! ಯಾವಾಗ ಮಾಡ್ತೀರಿ ಅಂದ್ರ ಬಾಯಾಗ ಸ್ಕ್ರೂ ಕಚ್ಚಿಗೊಂಡು ಹೂಂ ಹೂಂ ಅಂತಿದ್ರು. ಸಂತಿಗೆ ಹೋಗೂಣು ಅಂದ್ರೂ ಹೂಂ ಹೂಂ. ಮನಿಗೆ ಕಳ್ಳ ಬಂದಾನ ಅಂದ್ರೂ ಹೂಂ ಹೂಂ!”

ಅಮೃತಾ ಪಟ್ಟನೆ ಕಣ್ಣು ಬಿಟ್ಟಳು. “ಹಂಗಲ್ಲಬೇ!”

ತುಟಿ ಒತ್ತಿ ಹಿಡಿದು, ಬಾಯಿಯ ಎಡಮೂಲೆಯಲ್ಲಿ ಸ್ಕ್ರೂ ಕಚ್ಚಿದವರಂತೆ ಸೊಟ್ಟ ಮಾಡಿ, ಮೂಗಿನಿಂದ ದನಿ ಎಳೆದಳು. “ಹ್ಞೂಂ... ಹ್ಞೂ ಹ್ಞೂಂ?”

ಅವ್ವನ ಕೈಯಲ್ಲಿದ್ದ ಚಹಾದ ಕಪ್ಪು ಹಾಗೇ ನಿಂತಿತು. ಅದು ಅಪ್ಪನೇ. ಕೊನೆಗೆ ಸ್ವಲ್ಪ ಮೇಲಕ್ಕೆ ಎಳೆದು, ಏನಾರ ಅಂದ್ಯೇನು ಎಂದು ಕೇಳುವ ಅಪ್ಪನೇ.

“ಇನ್ನೊಮ್ಮೆ ಅನ್ನು” ಎಂದಳು ಅವ್ವ.

ಅಮೃತಾ ಇನ್ನೊಮ್ಮೆ ಅಂದಳು. ಅನ್ನುತ್ತ ಅನ್ನುತ್ತ ಅಪ್ಪನ ಉಳಿದ ದನಿಯೂ ಬಂತು. ಬಾಯಿಂದ ಸ್ಕ್ರೂ ತೆಗೆದು ಅವಳ ಅಂಗೈಯಲ್ಲಿ ಇಟ್ಟು, ‘ಅಮ್ಮೂ, ಬೀಳಿಸಿದಿ ಅಂದ್ರ ಕಿವಿ ಕಿತ್ತೇನ್ ನೋಡು’ ಎನ್ನುತ್ತಿದ್ದ. ಎಷ್ಟು ಸಲ ಬೀಳಿಸಿದರೂ ಕಿವಿ ಮಾತ್ರ ಕೀಳಲಿಲ್ಲ.

ಅಮೃತಾ ಅತ್ತಳು. ಸ್ಟೇಜಿನ ಮೇಲೆ ಗದ್ಗದಿತಳಾದಾಗ ಅವಳು ಚಂದ ಕಾಣುತ್ತಿದ್ದಳಂತೆ. ಈಗ ಬಾಯಿ ಸೊಟ್ಟ, ಮೂಗಿನಲ್ಲಿ ಸಿಂಬಳ, ಹೊಸ ಫ್ರಾಕಿನ ಮೇಲೆ ಮಿರ್ಚಿಯ ಎಣ್ಣೆ. ಹುಲಗಮ್ಮಜ್ಜಿ ತನ್ನ ಸೆರಗಿನಿಂದ ಅವಳ ಮೂಗು ಹಿಂಡಿದಳು. ಕುರಿಮರಿಯ ವಾಸನೆ ಬಂತು. ಮುಂದಿನ ತಿಂಗಳು ತಾನೇ ಕುಕನೂರಿಗೆ ಬರುತ್ತೇನೆಂದು ಅಜ್ಜಿ ಅವ್ವನಿಗೆ ಮಾತು ಕೊಟ್ಟಳು.

ಸಂಜೆಯ ಬಸ್ಸಿನಲ್ಲಿ ಅವ್ವನಿಗೆ ಕಿಟಕಿಯ ಸೀಟು ಸಿಕ್ಕಿತು. ಬಸ್ಸು ಕೊಪ್ಪಳ ದಾಟಿದ್ದೇ ಅವ್ವ ಶುರು ಮಾಡಿದಳು. ಮದುವೆಯಾದ ಹೊಸದರಲ್ಲಿ ಅಪ್ಪ ಅವಳ ತವರಿನ ರೇಡಿಯೋ ರಿಪೇರಿ ಮಾಡುತ್ತೇನೆಂದು ಬಿಚ್ಚಿ, ಮತ್ತೆ ಜೋಡಿಸಲು ಬಾರದೆ, ಚೀಲದಲ್ಲಿ ತುಂಬಿ ಮಾವನಿಗೆ ವಾಪಸ್ ಕೊಟ್ಟಿದ್ದನಂತೆ.

ಪಕ್ಕದಲ್ಲಿ ಕೂತಿದ್ದ ಹೆಂಗಸಿಗೂ ನಗು ತಡೆಯಲಾಗಲಿಲ್ಲ. “ಯಾರಿಗೆ ಇಷ್ಟು ಬೈಯಾಕತ್ತೀರಿ?”

“ನಮ್ಮ ಮನಿಯವ್ರಿಗೆ ರೀ.”

“ಏನು ಮಾಡ್ತಾರ ಅವ್ರು?”

“ತೀರಿಕೊಂಡಾರ್ರಿ” ಎಂದಳು ಅವ್ವ.

ಹೆಂಗಸು ಅಯ್ಯೋ ಎಂದು ಅಮೃತಾಳ ಕಡೆ ನೋಡಿದಳು. ಹಿಂದಿನ ದಿನವಾಗಿದ್ದರೆ ಅಮೃತಾ ಬಸ್ಸಿನಲ್ಲೇ ಎದ್ದು ನಿಲ್ಲುತ್ತಿದ್ದಳು. ಭಾಷಣ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವ್ವನ ರೇಡಿಯೋ ಕತೆ ಇನ್ನೂ ಮುಗಿದಿರಲಿಲ್ಲ.

ಅಮೃತಾ ಅವ್ವನ ತೋಳಿಗೆ ಒರಗಿ, “ಆಮ್ಯಾಲೇನಾತಬೇ? ಅಜ್ಜ ಬೈದಾಗ ಅಪ್ಪ ಏನಂದ?” ಎಂದು ಕೇಳಿದಳು.