ಆರನೆಯ ಬಟ್ಟಲು

“ಅಯ್ಯ, ಐದ ಅದಾವಲ್ಲ!”

ಅಜ್ಜಿ ಮರದ ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ಎಣಿಸಿದಳು. ಹೆಬ್ಬೆರಳಿನಷ್ಟೇ ಎತ್ತರದ ಅಲ್ಯೂಮಿನಿಯಂ ಬಟ್ಟಲುಗಳು. ಪೆಟ್ಟಿಗೆಯ ಆರು ಗುಳಿಗಳಲ್ಲಿ ಐದು ತುಂಬಿದ್ದವು, ಒಂದು ಖಾಲಿ.

“ಚೈತನ್ಯಾ, ನೀ ಏನರ ಕಂಡೀಯೇನ?”

“ನಹೀ... ಇಲ್ಲ ಅಜ್ಜಿ.”

ಹಾಗೆಂದಳೇ ಹೊರತು ಚೈತನ್ಯಾಳ ಜೀವ ಬಾಯಿಗೆ ಬಂದಿತ್ತು. ಇನ್ನೇನು ಪಾಸ್ಟರ್ ಬರುವ ಹೊತ್ತು. ಕಲ್ಯಾಣದಲ್ಲಿ ಲೋಕಲ್ ರೈಲು ಹತ್ತಿದವರು ಡೊಂಬಿವಲಿಗೆ ಬರಲು ಎಷ್ಟು ಹೊತ್ತು ಬೇಕು? ಅಜ್ಜಿಗೆ ಮಂಡಿನೋವು, ಚರ್ಚಿಗೆ ಹೋಗಲು ಸ್ಟೇಷನ್ನಿನ ಬ್ರಿಡ್ಜ್ ಹತ್ತಲಾರಳು. ಅದಕ್ಕೇ ತಿಂಗಳಿಗೊಮ್ಮೆ ಪಾಸ್ಟರೇ ಮನೆಗೆ ಬಂದು ಬ್ರೆಡ್ಡು, ದ್ರಾಕ್ಷಾರಸದ ಪ್ರಭುಭೋಜನ ಕೊಡುತ್ತಿದ್ದರು. ಅಜ್ಜ ತೀರಿಕೊಂಡ ಮೇಲೆ ಇವತ್ತೇ ಮೊದಲು.

ಆ ಬಟ್ಟಲುಗಳನ್ನು ಮಾಡಿದ್ದು ಅಜ್ಜನೇ. ಮಾನಪ್ಪಜ್ಜ ಗದಗಿನ ಬೆಟಗೇರಿಯಿಂದ ಬಂದವನು. ಮೂವತ್ತು ವರ್ಷ ಇಲ್ಲಿಯ ಫ್ಯಾಕ್ಟರಿಯೊಂದರಲ್ಲಿ ಲೇಥ್ ನಡೆಸಿದ್ದ. ರಿಟೈರ್ ಆಗುವ ದಿನ ಸಾಹೇಬರನ್ನು ಕೇಳಿಕೊಂಡು, ಉಳಿದಿದ್ದ ಸರಳಿನಿಂದ ಈ ಆರು ಬಟ್ಟಲು ಕಡೆದಿದ್ದ. ತನಗೆ, ಅಜ್ಜಿಗೆ, ಅಪ್ಪನಿಗೆ, ಅಮ್ಮನಿಗೆ, ಪಾಸ್ಟರಿಗೆ ಒಂದೊಂದು. ಆರನೆಯದು ಚೈತನ್ಯಾಳಿಗೆ. ಆಗ ಅವಳಿನ್ನೂ ತೊಟ್ಟಿಲಲ್ಲಿದ್ದಳು.

“ನೀ ದೊಡ್ಡಾಕಿ ಆಗಿ ಚರ್ಚಿನಾಗ ನಿಂದು ಕನ್ಫರ್ಮೇಶನ್ ಆಗೂತನಕ ಅದು ಖಾಲೀನ ಇರ್ಲಿ,” ಎಂದು ಅಜ್ಜ ಪ್ರತಿ ಸಲ ಕಾಡಿಸುತ್ತಿದ್ದ. “ಸದ್ಯಕ್ಕ ನಿನಗ ಬರೇ ವಾಸನಿ!”

ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಅಜ್ಜನ ಬಲಗೈ, ಬಲಗಾಲು ಬಿದ್ದುಹೋದವು. ಅಂದಿನಿಂದ ಹಾಲ್‌ನ ಮಂಚವೇ ಅವನ ಊರಾಯಿತು. ಕೈ ಹೋದರೇನಂತೆ, ಬಾಯಿ ಎಲ್ಲಿ ಹೋಗಿತ್ತು? ಸ್ಕೂಲಿನಲ್ಲಿ ‘ಹಳೆಯ ಕಾಲದ ರಾಕೆಟ್‌ಗಳು’ ಎಂಬ ಪ್ರಾಜೆಕ್ಟ್ ಕೊಟ್ಟಾಗ ಚೈತನ್ಯಾಳಿಗಿಂತ ಅಜ್ಜನಿಗೇ ಹೆಚ್ಚು ಖುಷಿ. ಮಲಗಿದಲ್ಲಿಂದಲೇ ಹುಕುಂ ಶುರುವಾಯಿತು.

“ಸಾವಿರದ ಒಂಬೈನೂರಾ ಇಪ್ಪತ್ತಾರರಾಗ ಅಮೇರಿಕಾದಾಂವ ಒಬ್ಬ ಪೆಟ್ರೋಲ್ ಹಾಕಿ ರಾಕೆಟ್ ಹಾರಿಸಿದ. ಎಷ್ಟೊತ್ತು ಹಾರಿತು, ಹೇಳು?”

“ಒನ್ ಅವರ್?”

“ಎರಡೂವರಿ ಸೆಕೆಂಡ್! ಕೋಸಿನ ಹೊಲದಾಗ ಹೋಗಿ ದಬಕ್ ಅಂತ ಬಿತ್ತು!” ಅಜ್ಜ ಕೆಮ್ಮು ಬರುವವರೆಗೂ ನಕ್ಕ. “ಅವನಕಿಂತ ನೂರಾ ನಲವತ್ತು ವರ್ಷ ಮೊದ್ಲ ನಮ್ಮ ಮೈಸೂರಾಗ ಕಬ್ಬಿಣದ ನಳಗಿಗೆ ಬಿದಿರು ಕಟ್ಟಿ ಹಾರಿಸ್ತಿದ್ರು. ನಾವು ಅದನ್ನ ಮಾಡೂಣು.”

ಹಳೆಯ ಪೈಪಿನ ತುಂಡು ಸಿಕ್ಕಿತು. ಬಿದಿರಿನ ಕೋಲು ಸಿಕ್ಕಿತು. ಎರಡನ್ನೂ ಸೇರಿಸಿ ಕಟ್ಟಲು ಅಪ್ಪನ ಹರಿದ ಬೆಲ್ಟಿನ ಚರ್ಮ ಬಂತು.

“ಮುಂದಿನ ಬಾಯಿ ಮುಚ್ಚಬೇಕವಾ,” ಎಂದ ಅಜ್ಜ. “ಇಲ್ಲಂದ್ರ ಬೆಂಕಿ ಎರಡೂ ಕಡೆ ಹೋಗಿ ರಾಕೆಟ್ ಕುಂತಲ್ಲೇ ಕುಂದರತೈತಿ. ಕೈ ನೆಟ್ಟಗಿದ್ರ ನಾನ ಒಂದು ಮುಚ್ಚಳ ಕಡದು ಕೊಡ್ತಿದ್ನಿ.” ಆಡದ ಕೈಯನ್ನು ನೋಡಿಕೊಂಡ.

ಅವತ್ತು ಮಧ್ಯಾಹ್ನ ಅಜ್ಜ ಕಣ್ಣು ಮುಚ್ಚಿ ಮಲಗಿದ್ದ. ಚೈತನ್ಯಾ ಮಂಚದ ಕೆಳಗಿನ ಪೆಟ್ಟಿಗೆ ಎಳೆದು, ಆರನೆಯ ಬಟ್ಟಲನ್ನು ಮೆಲ್ಲಗೆ ತೆಗೆದುಕೊಂಡಳು. ಬೋರಲು ಹಾಕಿ ಪೈಪಿನ ತುದಿಗಿಟ್ಟರೆ, ಅಬ್ಬಾ, ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು! ನನ್ನದೇ ತಾನೇ ಎಂದುಕೊಂಡು ಫೆವಿಕ್ವಿಕ್ ಹಾಕಿಬಿಟ್ಟಳು.

ಅಂಟಿದ ಮೇಲೆ ಹೆದರಿಕೆಯಾಯಿತು. ಅದು ದೇವರ ಬಟ್ಟಲಲ್ಲವೇ? ರಾಕೆಟ್ ಕಪಾಟಿನ ಹಿಂದೆ ಸೇರಿತು.

“ಮುಗೀತೇನವಾ ನಿನ್ನ ರಾಕೆಟ್ಟು?” ಮರುದಿನ ಅಜ್ಜ ಕೇಳಿದ.

“ಇನ್ನೂ ಇಲ್ಲ ಅಜ್ಜಾ.”

ಅದರ ಮರುದಿನವೂ ಕೇಳಿದ. ದಿನಾ ಕೇಳಿದ. ದಿನಾ ಅವಳದು ಅದೇ ಉತ್ತರ. ಹತ್ತು ದಿನ ಹೀಗೇ ಕಳೆದವು. ಆಮೇಲೆ ಅಜ್ಜನನ್ನು ಆಸ್ಪತ್ರೆಗೆ ಒಯ್ದರು. ಅವನು ಮತ್ತೆ ಮನೆಗೆ ಬರಲಿಲ್ಲ.

ತಾನು ಬಟ್ಟಲು ಕದ್ದದ್ದಕ್ಕೇ ದೇವರು ಅಜ್ಜನನ್ನು ಕರೆದುಕೊಂಡ. ಚೈತನ್ಯಾ ಹೀಗೆಯೇ ನಂಬಿದ್ದಳು. ಪಾಪ, ಹತ್ತು ವರ್ಷದ ಹುಡುಗಿ, ಇಂಥದ್ದನ್ನು ಯಾರ ಮುಂದೆ ಹೇಳಿಯಾಳು? ರಾಕೆಟ್ಟನ್ನು ಸ್ಕೂಲಿಗೂ ಒಯ್ಯಲಿಲ್ಲ.

ಬೆಲ್ ಆಯಿತು. ಮನೀಶ್ ಪಾಸ್ಟರ್ ಒಳಗೆ ಬಂದು, ಬ್ರೆಡ್ಡಿನ ಪೊಟ್ಟಣವನ್ನೂ ದ್ರಾಕ್ಷಾರಸದ ಚಿಕ್ಕ ಬಾಟಲಿಯನ್ನೂ ಮೇಜಿನ ಮೇಲಿಟ್ಟರು. ಅವರು ಉಡುಪಿ ಕಡೆಯವರು.

“ಒಂದು ಬಟ್ಟಲಾ ಕಾಣವಲ್ದ್ರೀ,” ಅಜ್ಜಿ ಪೆಟ್ಟಿಗೆಯನ್ನು ಅವರ ಮುಂದೆ ಹಿಡಿದಳು. “ಅವರಂತೂ ಹೋದ್ರು. ಅವರು ಮಾಡಿದ್ದನ್ನೂ ಕಳಕೊಂಡ್ರ ಹೆಂಗ್ರಿ?”

ಅಜ್ಜಿಯ ಕಣ್ಣಲ್ಲಿ ನೀರು ಕಂಡದ್ದೇ ತಡ, ಚೈತನ್ಯಾಳಿಗೆ ತಡೆಯಲಾಗಲಿಲ್ಲ. ಓಡಿಹೋಗಿ ಕಪಾಟಿನ ಹಿಂದಿನಿಂದ ರಾಕೆಟ್ ಎಳೆದು ತಂದಳು.

“ನಾನೇ ತಗೊಂಡಿದ್ದು! ನನ್ನಿಂದಾನೇ ಅಜ್ಜ ಸತ್ತ. ಅದು ದೇವರ ಕಪ್ ಅಲ್ವಾ, ಅದಕ್ಕೇ ಪನಿಶ್‌ಮೆಂಟ್...” ಬಿಕ್ಕಿ ಬಿಕ್ಕಿ ಅತ್ತಳು.

ಸದ್ದಿಗೆ ಓಡಿಬಂದ ಅಪ್ಪ ಅಮ್ಮ ಗಾಬರಿಯಿಂದ ಮುಖ ಮುಖ ನೋಡಿಕೊಂಡರು. ಪಾಸ್ಟರ್ ಮಾತ್ರ ಅವಳನ್ನು ಹತ್ತಿರ ಕೂರಿಸಿಕೊಂಡರು.

“ಎಂತ ಹೇಳ್ತಿದ್ದಿ ಮಾರಾಯ್ತಿ! ಈ ಬ್ರೆಡ್ ಎಲ್ಲಿಯದು ಗೊತ್ತುಂಟಾ? ನಿಮ್ಮ ಬಿಲ್ಡಿಂಗಿನ ಕೆಳಗಿನ ಬೇಕರಿದು. ನಿನ್ನ ದೀಕ್ಷಾಸ್ನಾನಕ್ಕೆ ಹಾಕಿದ್ದು ನಲ್ಲಿ ನೀರು. ಬಟ್ಟಲು ಅಜ್ಜ ಕಡೆದದ್ದು. ಇವುಗಳ ಒಳಗೆ ಮಂತ್ರ ಗಿಂತ್ರ ಎಂತದೂ ಇಲ್ಲ. ಇದೆಲ್ಲ ಗುರುತು. ದೇವರ ಪ್ರೀತಿ ಕಣ್ಣಿಗೆ ಕಾಣುದಿಲ್ಲ ಅಲ್ವಾ, ಕೈಯಲ್ಲಿ ಹಿಡಿಲಿಕ್ಕೆ ಒಂದು ಗುರುತು ಬೇಕು. ಅಜ್ಜನ ಹಾರ್ಟ್ ಸೋತಿತ್ತು ಮಗಾ. ನಿನ್ನಿಂದ ಅಲ್ಲ.”

ಚೈತನ್ಯಾ ಮೂಗು ಒರೆಸಿಕೊಂಡಳು. ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯುತ್ತಿತ್ತು.

“ಇನ್ನೊಂದುಂಟು,” ಎಂದರು ಪಾಸ್ಟರ್. “ಅಜ್ಜನಿಗೆ ಇದು ಗೊತ್ತಿತ್ತು. ಆಸ್ಪತ್ರೆಯಲ್ಲಿ ನನಗೆ ಹೇಳಿದ್ರು. ನೀನು ಪೆಟ್ಟಿಗೆ ತೆಗೆಯುವಾಗ ಅವರಿಗೆ ನಿದ್ದೆ ಬಂದಿರ್ಲಿಲ್ಲ. ‘ಬಟ್ಟಲಾ ಸರಿ ಕುಂತೈತಿಲ್ಲೋ ನೋಡಬೇಕ್ರಿ, ಹುಡುಗಿ ತೋರಿಸವಲ್ದು’ ಅಂತ ನಗಾಡಿದ್ರು. ಯಾರಿಗೂ ಹೇಳಬೇಡಿ, ಅವಳೇ ತರ್ತಾಳೆ ಅಂದ್ರು.”

ಚೈತನ್ಯಾ ಮಂಚವನ್ನು ನೋಡಿದಳು. ಆಮೇಲೆ ಕಪಾಟನ್ನು ನೋಡಿದಳು. ನಡುವೆ ನಾಲ್ಕೇ ಹೆಜ್ಜೆ.

ಅಜ್ಜ ದಿನಾ ಕೇಳಿದ್ದು ಅವಳನ್ನು ಹಿಡಿಯಲಿಕ್ಕಲ್ಲ. ರಾಕೆಟ್ ನೋಡಲಿಕ್ಕೆ. ಹತ್ತು ದಿನ ಕೇಳಿದ್ದ.

ಈಗ ಬಂದ ಅಳು ಬೇರೆಯೇ ಆಗಿತ್ತು. ಅದಕ್ಕೆ ಸದ್ದೇ ಇರಲಿಲ್ಲ.

ಪಾಸ್ಟರ್ ಪ್ರಾರ್ಥನೆ ಮಾಡಿ ನಾಲ್ಕು ಬಟ್ಟಲುಗಳಿಗೆ ದ್ರಾಕ್ಷಾರಸ ಹಾಕಿದರು. ಅಜ್ಜನ ಬಟ್ಟಲು ಖಾಲಿ ಉಳಿಯಿತು. ಎಲ್ಲ ಮುಗಿದ ಮೇಲೆ ಅಪ್ಪ ರಾಕೆಟ್ಟಿನ ತುದಿ ಕೀಳಲು ಹೋದರೆ ಅಜ್ಜಿ ಬಿಡಲಿಲ್ಲ.

“ಅದು ಅಲ್ಲೇ ಇರ್ಲಿ,” ಎಂದು ಅಜ್ಜನ ಬಟ್ಟಲನ್ನು ಸೆರಗಿನಿಂದ ಒರೆಸಿ ಆರನೆಯ ಗುಳಿಯಲ್ಲಿಟ್ಟಳು. “ಇನ್ನ ಇದು ನಿಂದವಾ.”

ದೊಡ್ಡವರು ಚಹಾ ಕುಡಿಯಲು ಒಳಗೆ ಹೋದರು. ಚೈತನ್ಯಾ ಅಲ್ಲೇ ನಿಂತಳು. ಮಂಚದ ಮೇಲೆ ಈಗ ಹಾಸಿಗೆ ಇರಲಿಲ್ಲ, ಬರೀ ಹಲಗೆ. ಅಜ್ಜನ ದಿಂಬು ಇರುತ್ತಿದ್ದ ಕಡೆ ರಾಕೆಟ್ ಇಟ್ಟು, ಬಟ್ಟಲಿನ ತುದಿ ಚೆನ್ನಾಗಿ ಕಾಣುವಂತೆ ತಿರುಗಿಸಿದಳು.

“ಮುಗೀತಜ್ಜಾ,” ಎಂದಳು. “ಸರಿ ಕುಂತೈತಿ, ನೋಡು.”