ಕುಂಬಳದ ಬಳ್ಳಿಯಲ್ಲಿ ತಮ್ಮ

ಬಹಳ ಬಹಳ ಹಿಂದೆ, ನಿಮ್ಮ ಮುತ್ತಜ್ಜನ ಮುತ್ತಜ್ಜನಿಗೂ ಹಾಲುಹಲ್ಲು ಹುಟ್ಟದ ಕಾಲದಲ್ಲಿ, ಎಳವಟ್ಟಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ರಾಜನಿದ್ದ, ರಾಣಿಯಿದ್ದಳು, ಆನೆ ಕುದುರೆ ಎಲ್ಲ ಇದ್ದವು. ಆದರೆ ಇದು ಅವರ ಕತೆಯಲ್ಲ, ಅವರು ಅರಮನೆಯಲ್ಲೇ ಇರಲಿ. ಇದು ಆ ರಾಜ್ಯದಲ್ಲಿ ಉಳಿದಿದ್ದ ಒಂದೇ ಒಂದು ತರಕಾರಿ ಹಿತ್ತಲಿನ ಕತೆ.

ಒಂದೇ ಒಂದು ಯಾಕೆ ಅಂತೀರಾ? ಹೇಳ್ತೀನಿ, ಅವಸರ ಮಾಡಬೇಡಿ. ಆ ರಾಜ್ಯಕ್ಕೆ ಒಣಕಲಯ್ಯ ಅಂತ ಒಬ್ಬ ಮಾಟಗಾರ ಗಂಟುಬಿದ್ದಿದ್ದ. ಏಳುನೂರು ವರ್ಷದ ಮುದುಕ. ಎಳೆಯ ಕಾಯಿಗಳ ಆಯಸ್ಸನ್ನು ಹೀರಿ ಹೀರಿ ಬದುಕಿದ್ದ. ಎಳೆ ಕಾಯಿಗೆ ಬೆರಳು ಚಾಚಿ ತೋರಿಸಬಾರದು, ಕೊಳೆತು ಬೀಳುತ್ತದೆ, ಬೆರಳು ಮಡಚಿ ತೋರಿಸು ಅಂತ ನಿಮ್ಮ ಮನೆಯಲ್ಲೂ ಗದರುತ್ತಾರಲ್ಲ? ಆ ಭಯ ಶುರುವಾದದ್ದೇ ಇವನಿಂದ. ವೇಷ ಹಾಕಿಕೊಂಡು ಬೇಲಿಯ ಹತ್ತಿರ ನಿಲ್ಲುವನು. "ಏನೇನು ಕಾಯಿ ಬಿಟ್ಟಿದೆ, ತೋರಿಸಿ" ಅನ್ನುವನು. ಯಾರಾದರೂ ಬೆರಳು ಚಾಚಿದರೋ, ಕಾಯಿ ಕೊಳೆಯಿತು, ಅವನ ಮುಖದ ಒಂದು ಸುಕ್ಕು ಹೋಯಿತು. ಹೀಗೆ ಎಳವಟ್ಟಿಯ ಹಿತ್ತಲುಗಳೆಲ್ಲ ಬರಿದಾದವು. ಜನ ಒಣ ಹುರುಳಿ ಬೇಯಿಸಿಕೊಂಡು ದಿನ ದೂಡುತ್ತಿದ್ದರು.

ಸಾತವ್ವನ ಹಿತ್ತಲು ಮಾತ್ರ ಉಳಿದಿತ್ತು. ಸಾತವ್ವ ಅರಮನೆಯ ಅಡುಗೆಮನೆಯಲ್ಲಿ ಕಾಳು ಹಸನು ಮಾಡುವವಳು. ಅವಳ ಗಂಡ ರಾಜರ ಆನೆಗಳಿಗೆ ಸೊಪ್ಪು ತರಲು ಕಾಡಿಗೆ ಹೋದರೆ ಹುಣ್ಣಿಮೆಗೊಮ್ಮೆ ಬರುವವನು. ಮಕ್ಕಳು ಮೂರು. ಒಂಬತ್ತು ವರ್ಷದ ಹೊನ್ನಿ, ಏಳು ವರ್ಷದ ಕರಿಯ, ಎರಡೂವರೆ ವರ್ಷದ ಬೊಮ್ಮ. ಈ ಬೊಮ್ಮ ನೆಲದ ಮೇಲೆ ಬೆಳೆದದ್ದಕ್ಕಿಂತ ಹೊನ್ನಿಯ ಸೊಂಟದ ಮೇಲೆ ಬೆಳೆದದ್ದೇ ಹೆಚ್ಚು. ಸಾತವ್ವ ಹಿತ್ತಲಿನ ಸುತ್ತ ಕಳ್ಳಿಬೇಲಿ ಒತ್ತಾಗಿ ಬೆಳೆಸಿದ್ದಳು. ದಿನಾ ಕೆಲಸಕ್ಕೆ ಹೊರಡುವಾಗ, "ಕಾಯಿಗೆ ಬೆರಳು ಚಾಚಿದ್ರೆ ಕೈ ಮುರೀತೀನಿ, ಹುಷಾರ್" ಅಂತ ಹೇಳಿಯೇ ಹೋಗುವಳು.

ಆ ಹಿತ್ತಲಿನ ಸುಖ ಏನಂತ ಹೇಳಲಿ! ಎಳೆ ಬೆಂಡೆಕಾಯಿಯನ್ನು ಗಿಡದಲ್ಲೇ ಬಾಯಿ ಹಾಕಿ ಕಚ್ಚುವುದು. ಅದರ ತೊಟ್ಟು ಕೊಯ್ದು ಹಣೆಗೆ ಅಂಟಿಸಿಕೊಂಡು ಕರಿಯ ರಾಜನಾಗುವುದು. ಬಸಳೆಹಣ್ಣು ಹಿಸುಕಿ ತುಟಿಗೆ, ಕೆನ್ನೆಗೆ ಬಳಿದುಕೊಂಡು ಹೊನ್ನಿ ರಾಣಿಯಾಗುವುದು. ಕುಂಬಳದ ಎಲೆಯ ದಂಟು ಕಿತ್ತು ಪೀಪಿ ಊದುವುದು. ಬೊಮ್ಮ ಬರೀ ಮೈಯಲ್ಲಿ ಕುಂಬಳದ ಎಲೆಗಳ ನಡುವೆ ಕೂತು, ಸೌತೆಕಾಯಿಯ ಜೊತೆಗೆ ಒಂದಿಷ್ಟು ಮಣ್ಣನ್ನೂ ತಿನ್ನುತ್ತಿದ್ದ. ಗದರಿದರೆ ಕಿಲಕಿಲ ನಗುತ್ತಿದ್ದ.

ಒಂದು ಬೆಳಿಗ್ಗೆ ಅವ್ವ ಕೆಲಸಕ್ಕೆ ಹೋದ ಮೇಲೆ ಬೇಲಿಯಾಚೆ ಒಬ್ಬ ಮುದುಕ ಬಂದು ನಿಂತ.

"ಮಕ್ಕಳಾ, ಹಸಿರು ನೋಡಿ ಎಷ್ಟು ಕಾಲ ಆಯ್ತೋ. ನಿಮ್ಮ ಹಿತ್ತಲಲ್ಲಿ ಎಲ್ಲಕ್ಕಿಂತ ಎಳೇದು ಯಾವುದು? ಒಂದ್ಸಲ ತೋರಿಸ್ರಪ್ಪ, ಕಣ್ಣು ತುಂಬಾ ನೋಡಿ ಹೋಗ್ತೀನಿ."

ಕರಿಯ ಹುಷಾರಿನ ಹುಡುಗ. ಬೆರಳು ಮಡಚಿ, ಗೆಣ್ಣಿನಿಂದ ಹೀರೆಮಿಡಿ ತೋರಿಸಿದ.

"ಅದಕ್ಕಿಂತ ಎಳೇದು?"

ಬೆರಳು ಮಡಚಿಯೇ ಸೌತೆಮಿಡಿ ತೋರಿಸಿದ.

"ಅದಕ್ಕಿಂತ ಎಳೇದು?"

ಹೊನ್ನಿಗೆ ನಗು ತಡೆಯಲಾಗಲಿಲ್ಲ. "ಇನ್ನೂ ಎಳೇದು ಬೇಕಾ ತಾತ? ಇಗೋ, ಇವನೇ ನೋಡು!" ಅಂತ ಎಲೆಗಳ ನಡುವೆ ಕೂತಿದ್ದ ಬೊಮ್ಮನತ್ತ ನೆಟ್ಟಗೆ ಬೆರಳು ಚಾಚಿದಳು. ಅವಳದೇನು ತಪ್ಪು ಹೇಳಿ? ಕಾಯಿಗೆ ಬೆರಳು ಚಾಚಬೇಡ ಅಂತ ಅವ್ವ ಹೇಳಿದ್ದಳು. ತಮ್ಮನಿಗೆ ಚಾಚಬೇಡ ಅಂತ ಹೇಳಿರಲಿಲ್ಲ.

ಕಣ್ಣು ಮಿಟುಕಿಸುವಷ್ಟರಲ್ಲಿ ಬೊಮ್ಮ ಇಲ್ಲ. ಅವನು ಕೂತಿದ್ದ ಜಾಗದಲ್ಲಿ, ಬಳ್ಳಿಗೆ ಕಚ್ಚಿಕೊಂಡು, ಒಂದು ಎಳೆ ಕುಂಬಳಕಾಯಿ. ಮೈತುಂಬ ನವಿರು ರೋಮ, ಮೂತಿಗೆ ಇನ್ನೂ ಅಂಟಿಕೊಂಡಿದ್ದ ಹಳದಿ ಹೂ.

ಮುದುಕ ನೆಟ್ಟಗೆ ನಿಂತ. ಅವನೇ ಒಣಕಲಯ್ಯ. "ಮನುಷ್ಯರ ಕೂಸು ಗಟ್ಟಿ, ಒಂದೇ ಬೆರಳಿಗೆ ಬೀಳೋದಿಲ್ಲ. ಇನ್ನೊಂದು ಬೆರಳು ಚಾಚಲಿ, ಯಾರದ್ದಾದರೂ ಸರಿ, ಕೊಳೆತು ಬೀಳ್ತಾನೆ. ಅವನ ನೂರು ವರ್ಷ ನನಗೆ. ಮೂರು ಹಗಲು ಯಾರೂ ಬೆರಳು ಚಾಚದೆ ಉಳಿದರೆ ಮಾಟ ಹರೀತದೆ. ಉಳಿಸ್ಕೋ, ನೋಡೇಬಿಡ್ತೀನಿ!" ಅಂತ ನಕ್ಕು ಮಾಯವಾದ.

ಹೊನ್ನಿ ಅಳುತ್ತ ಕೂರಲಿಲ್ಲ. ಮೊದಲು ಬಾಳೆಯ ನಾರು ಸೀಳಿ ತಂದು ತನ್ನ ತೋರುಬೆರಳನ್ನು ಅಂಗೈಗೆ ಮಡಚಿ ಬಿಗಿಯಾಗಿ ಕಟ್ಟಿಕೊಂಡಳು. ಕರಿಯನಿಗೂ ಕಟ್ಟಿದಳು.

"ನೋಯ್ತದೆ ಕಣಕ್ಕ!"

"ನೋಯಲಿ, ಬಿಚ್ಚಬೇಡ."

ಅಷ್ಟರಲ್ಲಿ ಕುರಿಯಷ್ಟು ದೊಡ್ಡದೊಂದು ಗಿಳಿ ಹಾರಿ ಬಂದು ಬೇಲಿಯ ಮೇಲೆ ಕೂತಿತು. ಮನುಷ್ಯರ ಗಂಟಲಲ್ಲಿ ಕೂಗಿತು: "ಬನ್ರೋ ಬನ್ನಿ! ಎಳವಟ್ಟಿಯಲ್ಲಿ ಕುಂಬಳಕಾಯಿ ಬಿಟ್ಟಿದೆ! ಬಂದು ನೋಡಿ!"

ಬಂದರು ನೋಡಿ ಜನ! ಒಣ ಹುರುಳಿ ತಿಂದು ಬಾಯಿ ಕೆಟ್ಟವರಲ್ಲವೇ, ಊರಿಗೆ ಊರೇ ಬಂತು. ಒಬ್ಬೊಬ್ಬರು "ಅಯ್ಯೋ ಶಿವನೇ, ಎಲ್ಲಿ? ಯಾವುದು?" ಅನ್ನುವಾಗಲೂ ಹೊನ್ನಿ ಅವರ ಕೈಯನ್ನೇ ನೋಡುತ್ತಿದ್ದಳು. ಎಷ್ಟು ಕೈ! ಎಷ್ಟು ಬೆರಳು! ಎಷ್ಟು ಜನರ ಬೆರಳು ಕಟ್ಟುತ್ತಾಳೆ ಅವಳು?

"ಕರಿಯಾ, ಕೈ ಖಾಲಿ ಬಿಡಬೇಡ್ವೋ ಯಾರ್ದೂ!" ಅಂತ ಕಿರುಚಿದಳು.

ಕರಿಯನಿಗೆ ಅರ್ಥವಾಯಿತು. ಇಬ್ಬರೂ ಓಡಾಡಿ ಕಿತ್ತರು. ಬದನೆಕಾಯಿ ಕಿತ್ತು ಒಬ್ಬಳ ಎರಡೂ ಕೈಗೆ ತುಂಬಿದರು. ಬೆಂಡೆ ಕಿತ್ತು ಇನ್ನೊಬ್ಬನ ಬೊಗಸೆಗೆ ತುಂಬಿದರು. ಅವರೆ, ಹೀರೆ, ಸೌತೆ, ದಂಟಿನ ಸೊಪ್ಪು, ಬಸಳೆ. ಇದ್ದದ್ದೆಲ್ಲ ಕಿತ್ತು ಕಿತ್ತು ಕೊಟ್ಟರು. ಕೈತುಂಬ ತರಕಾರಿ ಹಿಡಿದವರು ಬೆರಳು ಚಾಚುವುದು ಹೇಗೆ? ಗಲ್ಲ ಎತ್ತಿ "ಓ ಅಲ್ಲಿ, ಓ ಅಲ್ಲಿ" ಅಂದರು, ಹರಸಿದರು, ಮನೆಗೆ ಹೋದರು. ಕೊನೆಗೆ ಒಬ್ಬ ತಾತ ಉಳಿದ. ಹಿತ್ತಲಲ್ಲಿ ಒಂದೆಲೆಯೂ ಉಳಿದಿರಲಿಲ್ಲ, ಕುಂಬಳದ ಬಳ್ಳಿ ಬಿಟ್ಟರೆ. ತಾತನ ಬೆರಳು ಮೇಲೇಳುತ್ತಿತ್ತು. ಕರಿಯ ಓಡಿಹೋಗಿ ಆ ಕೈಯನ್ನೇ ಗಬಕ್ಕನೆ ಹಿಡಿದು, "ತಾತಾ, ಕಾಲಿಗೆ ಮುಳ್ಳು ಚುಚ್ತು, ನನ್ನ ಮನೆ ಬಾಗಿಲವರೆಗೂ ಕರ್ಕೊಂಡು ಹೋಗು" ಅಂದ. ಅಲ್ಲಿಗೆ ಮೊದಲನೇ ಹಗಲು ಕಳೆಯಿತು.

ಕತ್ತಲಾದ ಮೇಲೆ ಅವ್ವ ಬಂದಾಗ ಬೊಮ್ಮ ಎಲ್ಲಿ ಅಂತ ಕೇಳಿದಳು. "ಆಗಲೇ ಮಲಗಿದಾನೆ" ಅಂದಳು ಹೊನ್ನಿ. ಕಂಬಳಿಯೊಳಗೆ ತಲೆದಿಂಬು ಸುತ್ತಿಟ್ಟಿದ್ದಳು. ದಣಿದು ಬಂದಿದ್ದ ಅವ್ವ ಎತ್ತಿ ನೋಡಲಿಲ್ಲ. ಸುಳ್ಳು ಹೇಳಿದ ಹೊನ್ನಿಗೆ ಅನ್ನ ಇಳಿಯಲಿಲ್ಲ.

ಎರಡನೇ ದಿನ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋದ ಅವ್ವ ಮಧ್ಯಾಹ್ನವೇ ಓಡೋಡಿ ಬಂದಳು. ಕೈಯಲ್ಲಿ ಕುಡುಗೋಲು!

"ಅರಮನೆಗೆ ಹೊಸ ಅಡುಗೆ ಭಟ್ಟ ಬಂದಿದಾನೆ ಕಣೇ. ನಿಮ್ಮ ಹಿತ್ತಲಲ್ಲಿ ಎಳೆ ಕುಂಬಳಕಾಯಿ ಇದೆಯಂತಲ್ಲ, ರಾಜರ ಊಟಕ್ಕೆ ಈಗಲೇ ಬೇಕು ಅಂದ. ನನಗೇ ಗೊತ್ತಿರಲಿಲ್ಲ ನೋಡು! ಎಲ್ಲಿದೆ?"

ಆ ಭಟ್ಟ ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ಅವ್ವ ಬಳ್ಳಿಯ ಹತ್ತಿರ ಕೂತು, ತೊಟ್ಟಿಗೆ ಕುಡುಗೋಲು ಇಟ್ಟೇಬಿಟ್ಟಳು.

"ಕೊಯ್ಯಬೇಡ ಅವ್ವ! ಅದು ಬೊಮ್ಮ!"

ಅವ್ವನಿಗೆ ಮೊದಲು ಅರ್ಥವಾಗಲಿಲ್ಲ. ಹೊನ್ನಿ ಎಲ್ಲವನ್ನೂ ಹೇಳಿದಳು. ಮುದುಕ ಬಂದದ್ದು, ತಾನು ನಕ್ಕದ್ದು, ಬೆರಳು ಚಾಚಿದ್ದು, ತಲೆದಿಂಬು ಸುತ್ತಿಟ್ಟದ್ದು. "ನಾನೇ ಮಾಡಿದ್ದು ಅವ್ವ. ಕರಿಯ ಅಲ್ಲ, ನಾನೇ."

ಅವ್ವನ ಕೈಯಿಂದ ಕುಡುಗೋಲು ಜಾರಿತು. "ನನ್ನ ಕಂದಾ, ಇದಾ? ಇದೇನಾ?" ಅಂತ ಅವಳ ಬೆರಳು ತಾನಾಗಿ ಮೇಲೇಳಲು ಹೊರಟಿತು. ಹೊನ್ನಿ ಚೀರಿದಳು. ಅವ್ವ ಆ ಬೆರಳನ್ನು ಬಾಯಿಗಿಟ್ಟು ರಕ್ತ ಬರುವ ಹಾಗೆ ಕಚ್ಚಿಕೊಂಡಳು.

ಆಮೇಲೆ ಅವಳು ಹೊಡೆಯಲಿಲ್ಲ, ಬಯ್ಯಲಿಲ್ಲ. ಬಿಸಿಲು ತಾಗದ ಹಾಗೆ ಕುಂಬಳಕಾಯಿಯ ಮೇಲೆ ಸೆರಗು ಹರಡಿ, ಪಕ್ಕದಲ್ಲಿ ಕೂತಳು. ಅರಮನೆಯಿಂದ ಭಟರು ಬಂದು ಕರೆದರು. "ಕೆಲಸ ಹೋದರೆ ಹೋಗಲಿ, ಏಳೋದಿಲ್ಲ" ಅಂದಳು. ಎಷ್ಟೋ ಹೊತ್ತಾದ ಮೇಲೆ ಹೊನ್ನಿಯ ಕೈ ಹಿಡಿದು ನೋಡಿದಳು. ನಾರು ಬಿಗಿದು ಬೆರಳು ನೀಲಿಯಾಗಿತ್ತು.

"ಇದೇನೇ ಹೀಗೆ ಕಟ್ಕೊಂಡಿದೀಯ?"

"ಮತ್ತೆ ಚಾಚಿಬಿಟ್ರೆ ಅಂತ ಭಯ ಅವ್ವ."

ಅವ್ವ ಗಂಟು ಬಿಚ್ಚಿದಳು. ಬೆರಳನ್ನು ಉಜ್ಜಿ ಉಜ್ಜಿ ಬಿಸಿ ಮಾಡಿದಳು. ಎರಡನೇ ಹಗಲೂ ಕಳೆಯಿತು.

ಮೂರನೇ ಹಗಲು ಮೂವರೂ ಬೆಳಗಿನಿಂದ ಬಳ್ಳಿಯ ಸುತ್ತ ಕೂತರು. ಯಾರೂ ಬರಲಿಲ್ಲ. ಮಧ್ಯಾಹ್ನವಾಯಿತು, ಯಾರೂ ಬರಲಿಲ್ಲ. ಅದೇ ಇನ್ನೂ ಭಯ. ಹೊತ್ತು ಇಳಿಯತೊಡಗಿದಾಗ ಒಂದು ಸುಂಟರಗಾಳಿ ಎದ್ದಿತು. ಕಣ್ಣಿಗೆ ಮಣ್ಣು ತುಂಬಿ ಮೂವರೂ ಕಣ್ಣು ಮುಚ್ಚಿದರು. ತೆರೆದು ನೋಡಿದರೆ ಹಿತ್ತಲ ತುಂಬ ಬಳ್ಳಿಯೇ ಬಳ್ಳಿ, ನೂರು ಎಳೆ ಕುಂಬಳಕಾಯಿ! ಎಲ್ಲಕ್ಕೂ ಅದೇ ರೋಮ, ಮೂತಿಗೆ ಅದೇ ಹೂ.

ಬೇಲಿಯಾಚೆ ಒಣಕಲಯ್ಯ ನಿಂತಿದ್ದ. ಎರಡೂ ಕೈ ಮುಷ್ಟಿ ಕಟ್ಟಿದ್ದ. "ಹೊತ್ತು ಮುಳುಗೋದರೊಳಗೆ ನಿನ್ನ ತಮ್ಮ ಯಾರು ಅಂತ ಗುರುತು ಹಿಡಿ ಮಗಳೇ. ಮೊದಲು ಹೇಳಿರಲಿಲ್ಲ ನಾನು, ಮನೆಯವರೇ ಗುರುತಿಸದ ಕೂಸಿಗೆ ಮಾಟ ಹರಿಯೋದಿಲ್ಲ, ಅವನು ಎಂದೆಂದಿಗೂ ಕಾಯಿಯೇ. ಗೊತ್ತಾದ ಕೂಡಲೇ ಬೆರಳಿಟ್ಟು ತೋರಿಸು, ಸಾಕು."

ನೋಡಿದಿರಾ ಅವನ ಕುತಂತ್ರ? ತೋರಿಸದಿದ್ದರೂ ಹೋಯಿತು, ತೋರಿಸಿದರೂ ಹೋಯಿತು.

ಅವ್ವ ಒಂದೊಂದು ಕಾಯಿಯ ಹತ್ತಿರವೂ ಬಾಗಿ "ಬೊಮ್ಮಾ, ಬೊಮ್ಮಾ" ಅಂತ ಕರೆದಳು. ಯಾವ ಕಾಯಿ ಮಾತಾಡುತ್ತದೆ? ಕರಿಯ ಅತ್ತುಬಿಟ್ಟ. ಹೊನ್ನಿಗೆ ನೂರು ಕಾಯಿ ನೋಡಿ ನೋಡಿ ಕಣ್ಣು ಕತ್ತಲೆ ಬಂತು. ಕಣ್ಣಿಗೆ ಎಲ್ಲವೂ ಒಂದೇ. ಕೊನೆಗೆ ಅವಳು ನೋಡುವುದನ್ನೇ ಬಿಟ್ಟಳು. ಮೊದಲನೇ ಕಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ತೊಟ್ಟು ಮುರಿಯದ ಹಾಗೆ ಬಳ್ಳಿ ಸಡಿಲಿಸಿ, ಮೆಲ್ಲಗೆ ಎತ್ತಿ ಸೊಂಟಕ್ಕಿಟ್ಟುಕೊಂಡಳು.

ಅಲ್ಲ. ಇದಲ್ಲ.

ಎರಡನೆಯದು ಎತ್ತಿಕೊಂಡಳು. ಇದೂ ಅಲ್ಲ. ಎತ್ತಿ ಮುಗಿದ ಕಾಯಿಗೆ ಗುರುತಿರಲೆಂದು ಕರಿಯ ಕಣ್ಣು ಒರೆಸಿಕೊಳ್ಳುತ್ತ ಕೆಸರು ಹಚ್ಚುತ್ತಾ ಬಂದ. ಹತ್ತಾಯಿತು, ಮೂವತ್ತಾಯಿತು, ಅರವತ್ತಾಯಿತು. ಹೊತ್ತು ಗುಡ್ಡದ ನೆತ್ತಿಗೆ ಬಂತು. ಹೊನ್ನಿಯ ಸೊಂಟ ಕಳಚಿ ಬೀಳುವಂತಾಗಿತ್ತು. ಒಂದು ತೊಟ್ಟು ಲಟಕ್ಕೆಂದು ಮುರಿಯಿತು. ಮೂವರ ಜೀವವೂ ಬಾಯಿಗೆ ಬಂತು. ಕಾಯಿ ಹೋಳಾಗಿ ಬರೀ ಬೀಜ ಚೆಲ್ಲಿದಾಗ ಉಸಿರು ಬಿಟ್ಟರು. ಎಂಬತ್ತಾಯಿತು. ಹೊತ್ತು ಅರ್ಧ ಮುಳುಗಿತು.

ಎಂಬತ್ತೇಳನೆಯದನ್ನು ಎತ್ತಿ ಸೊಂಟಕ್ಕಿಟ್ಟಳು. ಸೊಂಟ ತಾನಾಗಿ ಒಂದು ಕಡೆಗೆ ವಾಲಿತು. ಅವಳ ತೋಳು ತಾನಾಗಿ ಸುತ್ತಿಕೊಂಡಿತು. ಎರಡೂವರೆ ವರ್ಷ ಹೊತ್ತ ಭಾರ, ಅದು ಕಣ್ಣಿಗೆ ಗೊತ್ತಿಲ್ಲದಿದ್ದರೂ ಸೊಂಟಕ್ಕೆ ಗೊತ್ತಿತ್ತು.

"ಸಿಕ್ಕಿದ ಅವ್ವ" ಅಂದಳು. ಜೋರಾಗಿ ಹೇಳಲೂ ಭಯ ಅವಳಿಗೆ.

"ಯಾವುದು? ತೋರಿಸು! ಬೆರಳಿಂದ ತೋರಿಸು!" ಒಣಕಲಯ್ಯ ಕೂಗಿದ.

"ನಮ್ಮವನನ್ನ ನಾವು ತೋರಿಸೋದಿಲ್ಲ. ಎತ್ಕೋತೀವಿ" ಅಂದಳು ಹೊನ್ನಿ.

ಒಣಕಲಯ್ಯನಿಗೆ ನೆತ್ತಿಗೇರಿತು ಸಿಟ್ಟು. ಏಳುನೂರು ವರ್ಷ ಬೇರೆಯವರ ಬೆರಳಿಂದಲೇ ಕೆಲಸ ಮಾಡಿಸಿದವನು, ತಾನೇ ಚಾಚಿದರೆ ಮಾಟ ತನಗೇ ತಿರುಗುತ್ತದೆ ಅಂತ ತನ್ನ ಬೆರಳನ್ನು ಮುಷ್ಟಿಯೊಳಗೇ ಬಚ್ಚಿಟ್ಟವನು, ಅದನ್ನು ಮರೆತ. ಬೇಲಿಯೊಳಗೆ ಕೈ ತೂರಿಸಿ, ತನ್ನ ಉದ್ದನೆಯ ಬೆರಳನ್ನೇ ನೆಟ್ಟಗೆ ಚಾಚಲು ಹೋದ. ಅದು ಬೊಮ್ಮನ ಕಡೆ ತಿರುಗುವ ಮೊದಲೇ ಕುಂಬಳದ ಎಳೆಕುಡಿಯೊಂದು ಬಂದು ಅದಕ್ಕೆ ಸುತ್ತಿಕೊಂಡಿತು. ಬಳ್ಳಿಗೇನು ಗೊತ್ತು, ಮಾಟಗಾರನ ಬೆರಳೋ ಚಪ್ಪರದ ಕಡ್ಡಿಯೋ? ಹತ್ತಲು ಏನೋ ಸಿಕ್ಕಿತು, ಹತ್ತಿತು. ಬೆರಳಿಂದ ಮುಂಗೈಗೆ, ಮುಂಗೈಯಿಂದ ತೋಳಿಗೆ, ತೋಳಿನಿಂದ ಕತ್ತಿಗೆ. ನೂರು ಕುಡಿಗಳು ಹತ್ತಿದವು. ಏಳುನೂರು ವರ್ಷ ಹೀರಿದ್ದನ್ನೆಲ್ಲ ಬಳ್ಳಿ ವಾಪಸು ಹೀರಿಕೊಂಡಿತು. ಹೊತ್ತು ಮುಳುಗುವಾಗ ಬೇಲಿಯಲ್ಲಿ ಒಂದು ಒಣ ಗೂಟ ಇತ್ತು, ಅದರ ತುಂಬ ಹೂ ಇತ್ತು.

ಹೊನ್ನಿಯ ಸೊಂಟದ ಮೇಲೆ ಬೊಮ್ಮ ಆಕಳಿಸಿದ. ಮೈಯೆಲ್ಲ ಮಣ್ಣು, ತಲೆಯ ಮೇಲೊಂದು ಹಳದಿ ಹೂ. "ಅಕ್ಕ, ಹಸಿವು" ಅಂದ.

ಆಮೇಲೆ ಎಳವಟ್ಟಿಯಲ್ಲಿ ಮನೆಮನೆಯ ಹಿತ್ತಲೂ ಚಿಗುರಿತು. ಜನ ಹುರುಳಿಗೆ ಕೈಮುಗಿದು ಸೊಪ್ಪಿನ ಸಾರು ಉಂಡರು. ಮಕ್ಕಳ ತುಟಿಗೆಲ್ಲ ಬಸಳೆಯ ಬಣ್ಣ ಬಂತು. ಸಾತವ್ವನನ್ನು ಅರಮನೆಯವರು ಮತ್ತೆ ಕೆಲಸಕ್ಕೆ ಕರೆದರು. ಎಲ್ಲರೂ ಸುಖವಾಗಿದ್ದರು, ಅದರಲ್ಲಿ ಸಂಶಯವಿಲ್ಲ.

ಆ ಸಂಜೆ ಮಾತ್ರ ಹೊನ್ನಿ ಬೊಮ್ಮನನ್ನು ಇಳಿಸಲೊಲ್ಲಳು. ಅವ್ವ ಬಿಸಿನೀರು ಕಾಯಿಸಿ, ಸ್ನಾನಕ್ಕೆ ಕೊಡೇ ಅಂದರೂ ಕೊಡಲೊಲ್ಲಳು.

"ಕೊಡು ಮಗಳೇ, ಇನ್ನೆಲ್ಲೂ ಹೋಗೋದಿಲ್ಲ ಅವನು."

ಮೂರು ಹಗಲು ಅಳದಿದ್ದ ಹೊನ್ನಿಗೆ ಆಗ ಅಳು ಒತ್ತರಿಸಿ ಬಂತು. ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಅವ್ವ ಒಂದು ಸೊಂಟಕ್ಕೆ ಬೊಮ್ಮನನ್ನು ಎತ್ತಿಕೊಂಡಳು. ಇನ್ನೊಂದು ಸೊಂಟಕ್ಕೆ ಒಂಬತ್ತು ವರ್ಷದ ಹೊನ್ನಿಯನ್ನು ಎತ್ತಿಕೊಂಡಳು. ಕರಿಯ ಬಾಗಿಲು ತೆರೆದು ಹಿಡಿದ. ಹೊನ್ನಿಯ ಉದ್ದ ಕಾಲುಗಳು ನೆಲಕ್ಕೆ ತಾಗುತ್ತಿದ್ದವು, ಆದರೂ ಅವ್ವ ಅವಳನ್ನು ಹೊತ್ತುಕೊಂಡೇ ಒಳಗೆ ಹೋದಳು.