ಟ್ಯೂಬಿನಲ್ಲಿ ಸುತ್ತಿ ತಂದ ಪೆಟ್ಟಿಗೆ

ವೈರ್‌ಲೆಸ್ಸಿನಲ್ಲಿ ಆಚೆ ಕ್ಯಾಂಪಿನ ಸರ್ವೆಯರ್ ಮಾತಾಡುತ್ತಿದ್ದರೆ, ನಡುನಡುವೆ ಕರಕರ ಸದ್ದು ಬಂದು ಅರ್ಧ ಮಾತನ್ನು ನುಂಗಿಹಾಕುತ್ತಿತ್ತು. ಆದರೂ ಮೇಸ್ತ್ರಿಗೆ ಬೇಕಾದಷ್ಟು ಕೇಳಿಸಿತು. ಆ ಕಾಡಿನಲ್ಲಿ ಕೆಲಸ ಮಾಡುವವರೆಲ್ಲ ಅವಳನ್ನು ಮೇಸ್ತ್ರಿ ಎಂದೇ ಕರೆಯುವುದು. ಜನರೇಟರ್ ಕೆಮ್ಮಿದರೂ ಅವಳೇ ಬರಬೇಕು, ಗಾಡಿ ಮುನಿಸಿಕೊಂಡರೂ ಅವಳೇ ಬರಬೇಕು.

"ಕೀ ತಿರುಗಿಸಿದ್ರೆ ಎಂಜಿನ್ ದೀಪ ಹತ್ತುತ್ತಾ?" ಎಂದು ಕೇಳಿದಳು.

"ಇಲ್ಲ ಮೇಸ್ತ್ರಿ."

"ಫ್ಯೂಸು?"

"ಎಲ್ಲಾ ನೋಡ್ದೆ, ಸರಿಯಾಗಿವೆ. ನೀವು ಹೇಳಿದ್ರಲ್ಲ, ಡ್ಯಾಶ್‌ಬೋರ್ಡ್ ಕೆಳಗಿನ ಪೆಟ್ಟಿಗೆ, ಅದನ್ನ ಬಿಚ್ಚಿದ್ರೆ ಒಳಗಿಂದ ನೀರು ಸುರೀತು. ಪಿನ್ನೆಲ್ಲ ಹಸಿರು ಹಿಡಿದಿದೆ."

ಮೇಸ್ತ್ರಿ ಕಣ್ಣು ಮುಚ್ಚಿಕೊಂಡಳು. "ಅದೇ ಎಂಜಿನ್ನಿನ ಕಂಪ್ಯೂಟರ್ರು. ಹೋಯ್ತು ಅದರ ಕತೆ. ಅಕ್ಕ ಹೇಗಿದ್ದಾಳೆ?"

ಸ್ವಲ್ಪ ಹೊತ್ತು ಬರೀ ಕರಕರ. ಆಮೇಲೆ, "ಜ್ವರ ಇಳೀತಾ ಇಲ್ಲ. ಕಾಲು ಊದಿಕೊಂಡು ಕಪ್ಪಾಗ್ತಿದೆ" ಎಂದ ಸರ್ವೆಯರ್.

ಅಕ್ಕ ಎಂದರೆ ಮೇಸ್ತ್ರಿಯ ಒಡಹುಟ್ಟಿದ ಅಕ್ಕ, ಆಚೆ ಕ್ಯಾಂಪಿನಲ್ಲಿ ಅಡುಗೆಯವಳು. ನೀರು ತರಲು ಹೋಗಿ ಬಂಡೆಯ ಮೇಲಿಂದ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದಳು. ಆ ಕ್ಯಾಂಪಿನಿಂದ ಪಟ್ಟಣದ ಆಸ್ಪತ್ರೆಗೆ ಇಳಿಯುವ, ಆಂಬುಲೆನ್ಸು ಹತ್ತಲಾರದ ಕಾಡುದಾರಿಯೊಂದಿತ್ತು. ಇಳಿಸಬೇಕಾದ ಒಂದೇ ಒಂದು ಪಿಕಪ್ಪು ಹೊಳೆ ಉಕ್ಕಿದ ದಿನ ನೀರು ಕುಡಿದು ಕೂತುಬಿಟ್ಟಿತ್ತು. ಬೆಟ್ಟ ಮೋಡ ಹೊದ್ದು ಮಲಗಿದ್ದರಿಂದ ಹೆಲಿಕಾಪ್ಟರ್ ಬರುವ ಹಾಗಿರಲಿಲ್ಲ. ಎರಡು ಕ್ಯಾಂಪಿನ ನಡುವೆ ಇದ್ದದ್ದು ಕಮರಿ. ಅದರೊಳಗೆ ಇಳಿದು ಹತ್ತುವುದಕ್ಕೆ ಕಾಲೇ ಗತಿ. ಮೂಳೆ ಮುರಿದವಳನ್ನು ಹೊತ್ತು ತರುವ ಜಾಗವಂತೂ ಅಲ್ಲ.

ಪಕ್ಕದಲ್ಲೇ ನಿಂತಿದ್ದ ಭಾವ ಗಂಟಲು ಸರಿಮಾಡಿಕೊಂಡರು. ಅಕ್ಕನ ಗಂಡ, ಈಚೆ ಕ್ಯಾಂಪಿನ ಡ್ರೈವರ್.

"ನನ್ನ ಗಾಡಿ ಇದೆಯಲ್ಲಮ್ಮ. ಅದೇ ಕಂಪನಿ, ಅದೇ ವರ್ಷದ್ದು."

ಹೌದು, ಇತ್ತು. ಶೆಡ್ಡಿನ ಹಿಂದೆ, ಮಗುಚಿಬಿದ್ದ ಜೀರುಂಡೆಯ ಹಾಗೆ. ಕಳೆದ ಚಳಿಗಾಲದಲ್ಲಿ ಇಳಿಜಾರಿನಲ್ಲಿ ಉರುಳಿದ ಮೇಲೆ ಅದಕ್ಕೆ ಜೀವ ಬಂದಿರಲಿಲ್ಲ. ಆದರೂ ಭಾವ ಅದರ ಕೀಯನ್ನು ಬೇರೆ ಹತ್ತಾರು ಕೀಗಳ ಜೊತೆ, ಒಂದು ಹಿತ್ತಾಳೆ ಗಂಟೆ ಕಟ್ಟಿದ ಗೊಂಚಲಿನಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದರು. "ಉರುಳಿದಾಗ ನನ್ನನ್ನ ಅಡಿಗೆ ಹಾಕ್ಕೊಳ್ಳಲಿಲ್ಲ ಕಣಮ್ಮ ಅದು" ಎನ್ನುವುದು ಅವರ ಸಮಜಾಯಿಷಿ.

ಮೇಸ್ತ್ರಿ ಸತ್ತ ಗಾಡಿಯಿಂದ ಪೆಟ್ಟಿಗೆ ಬಿಚ್ಚಿದಳು. ಗಾತ್ರ ನೋಡಿದರೆ ಊಟದ ಡಬ್ಬಿಯಷ್ಟು. ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಟೈರಿನ ಒಳಟ್ಯೂಬಿನ ತುಂಡು, ಎರಡೂ ತುದಿಗೆ ಬಿಗಿಯಾಗಿ ತಂತಿ. ಎಳೆಗೂಸನ್ನು ಕಟ್ಟಿಕೊಂಡ ಹಾಗೆ ಅದನ್ನು ಎದೆಗೆ ಕಟ್ಟಿಕೊಂಡಳು. ದಾರಿ ತೋರಿಸಲು ಮೌನಿ ಬಂದ. ಆ ಹೆಸರನ್ನು ಯಾರೋ ತಮಾಷೆಗೆ ಇಟ್ಟಿದ್ದರು. ಅವನು ಬಾಯಿ ಮುಚ್ಚಿದ್ದನ್ನು ಕಂಡವರಿರಲಿಲ್ಲ.

"ನೀರು, ಪೆಟ್ಟು, ಸಿಡಿಲು, ಮೂರರಿಂದ ಕಾಪಾಡಿದ್ರೆ ಸಾಕು," ಎಂದಳು ಮೇಸ್ತ್ರಿ. "ಮಿಕ್ಕಿದ್ದು ನನಗೆ ಬಿಡಿ."

ಆ ಮಾತು ಅವಳಿಗೆ ಆಮೇಲೆ ಬಹಳ ಸಲ ನೆನಪಾಯಿತು.

ಕಮರಿಯ ಅಂಚಿನವರೆಗೂ ಕಾಡು ಸಾಧುವಾಗಿಯೇ ಇತ್ತು. ಉದ್ದುದ್ದ ಮರಗಳು ಮಂಜಿನೊಳಗೆ ತಲೆ ಮರೆಸಿಕೊಂಡು ಬರೀ ಕಾಲುಗಳಾಗಿ ನಿಂತಿದ್ದವು. ಹಾವಸೆ ಮೆತ್ತಿಕೊಂಡ ಕಾಂಡಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಹೆಜ್ಜೆ ಇಟ್ಟಲ್ಲೆಲ್ಲ ಕೊಳೆತೆಲೆ ಮೆತ್ತಗೆ ಕುಸಿದು, ಎತ್ತಿದ ಕಾಲಿನ ಹಿಂದೆ ಪುಟ್ಟ ಕೆರೆಯಾಗುತ್ತಿತ್ತು. ಎಲ್ಲೋ ಒಂದು ಹಕ್ಕಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿತ್ತು. ಉತ್ತರವೆಂಬಂತೆ ಭಾವನ ಸೊಂಟದ ಗಂಟೆ ಕಿಣಿಕಿಣಿ ಎನ್ನುತ್ತಿತ್ತು. ಮೌನಿ ತನ್ನ ಅತ್ತೆಮನೆಯ ಕತೆ ಶುರುಮಾಡಿ, ಮಾವ ಬಾವಿಗೆ ಬಿದ್ದಲ್ಲಿಗೆ ತಂದು ನಿಲ್ಲಿಸಿದ್ದ. ಅಷ್ಟರಲ್ಲಿ ನೆಲವೇ ಮುಗಿದುಹೋಯಿತು.

ಕೆಳಗೆ ಬರೀ ಬಿಳಿ. ಆ ಬಿಳಿಯೊಳಗಿಂದ ನೀರಿನ ಮೊರೆತ.

"ಇಲ್ಲಿಂದಾಚೆ ಗೋಡೆಗೆ ಮುಖ ಕೊಟ್ಟು ನಡೀಬೇಕು," ಎಂದ ಮೌನಿ. "ಕೆಳಗೆ ನೋಡ್ಬೇಡಿ. ನೋಡಿದ್ರೂ ಏನೂ ಕಾಣಲ್ಲ, ಅದೊಂದು ಪುಣ್ಯ."

ಬಂಡೆಯ ಮೈಯಲ್ಲಿ ಗೇಣಗಲದ ಅಂಚು. ಮೌನಿ ಮುಂದೆ, ಭಾವ ನಡುವೆ, ಮೇಸ್ತ್ರಿ ಹಿಂದೆ. ಮೂವರಿಗೂ ಒಂದೇ ಹಗ್ಗ.

ನಡುವೆ ಭಾವ ನಿಂತುಬಿಟ್ಟರು.

"ಏನಾಯ್ತು?"

"ಸಿಕ್ಕಿಹಾಕ್ಕೊಂಡಿದೆ."

ಕೀ ಗೊಂಚಲು ಬಂಡೆಯ ಬಿರುಕಿನೊಳಗೆ ಹೋಗಿ ಕಚ್ಚಿಕೊಂಡಿತ್ತು. ಅವರು ಜಗ್ಗಿದರು. ಕಾಲ ಕೆಳಗಿನ ಕಲ್ಲು ಪುಡಿಯಾಗಿ ಉದುರಿತು. ಹಗ್ಗ ಮೇಸ್ತ್ರಿಯ ಸೊಂಟವನ್ನು ಹಿಂಡಿತು. ಎದೆಯ ಮೇಲಿನ ಪೆಟ್ಟಿಗೆ ಬಂಡೆಗೆ ಬಡಿಯದಂತೆ ಅವಳು ಮೊಣಕೈಯನ್ನು ಅಡ್ಡ ಕೊಟ್ಟಳು. ಚರ್ಮ ಸುಲಿಯಿತು.

"ಬಿಚ್ಚಿ ಎಸೀರಿ ಅದನ್ನ," ಎಂದ ಮೌನಿ. ಅವನ ದನಿಯಲ್ಲಿ ನಗು ಇರಲಿಲ್ಲ.

ಭಾವ ಎಸೆಯಲಿಲ್ಲ. ಮುಖವನ್ನು ಕಲ್ಲಿಗೊತ್ತಿ ಸೊಂಟದ ಹತ್ತಿರ ಒಂದೇ ಕೈಯಲ್ಲಿ ಏನೋ ತಡವರಿಸುತ್ತಿದ್ದರು.

"ಭಾವ, ಸತ್ತ ಗಾಡಿ ಕೀ ಇಟ್ಕೊಂಡು ಪೂಜೆ ಮಾಡ್ತೀರಾ? ಅಲ್ಲಿ ಅಕ್ಕ ಸಾಯ್ತಾ ಇದ್ದಾಳೆ. ಎಸೀರಿ ಅಂದ್ರೆ ಎಸೀರಿ."

ಕಿಣಿ ಎಂದಿತು. ಇನ್ನಷ್ಟು ಕೆಳಗೆ ಮತ್ತೊಮ್ಮೆ ಕಿಣಿ. ಆಮೇಲೆ ಮೊರೆತ ಮಾತ್ರ.

ಅಂಚು ದಾಟಿದ ಮೇಲೆ ಭಾವ ಯಾರ ಮುಖವನ್ನೂ ನೋಡದೆ, ಅವರಿಬ್ಬರಿಗೆ ಬೆನ್ನು ಹಾಕಿ ಕೂತು ಶೂ ಬಿಚ್ಚಿ ಕಟ್ಟಿಕೊಂಡರು. ಎದ್ದಾಗ ಕುಂಟುತ್ತಿದ್ದರು. ಕಾಲು ಉಳುಕಿದೆಯಾ ಎಂದು ಮೌನಿ ಕೇಳಿದರೆ "ನಡಿಯಪ್ಪ ನೀನು" ಎಂದಷ್ಟೇ ಅಂದರು.

ತಳದಲ್ಲಿ ಹೊಳೆ ಕೆಂಪಗೆ ಕುದಿಯುತ್ತಿತ್ತು. ಮೌನಿ ಈಜಿ ಹೋಗಿ ಆಚೆ ಮರಕ್ಕೆ ಹಗ್ಗ ಕಟ್ಟಿದ. ನಡುನೀರಿನಲ್ಲಿ ಮೇಸ್ತ್ರಿಯ ಕಾಲು ನೆಲ ಬಿಟ್ಟಿತು. ಎದೆಗೆ ಕಟ್ಟಿದ್ದ ಪೆಟ್ಟಿಗೆಯನ್ನು ಬಿಚ್ಚಿ ತಲೆಯ ಮೇಲೆತ್ತಿ ಹಿಡಿದಳು. ಇನ್ನೊಂದು ಕೈ ಹಗ್ಗದಲ್ಲಿ. ಹೆಗಲ ಮೇಲಿನ ಸ್ಪ್ಯಾನರ್ ಚೀಲ ಜಾರಿತು. ಅದನ್ನು ಹಿಡಿಯಲು ಮೂರನೆಯ ಕೈ ಇರಲಿಲ್ಲ. ತಾನೇ ಹೊಲಿದ, ವರ್ಷಗಟ್ಟಲೆ ಎಣ್ಣೆ ಕುಡಿದ ಚೀಲ ಕಣ್ಣೆದುರೇ ಮುಳುಗುವುದನ್ನು ನೋಡಿದಳು, ಅಷ್ಟೆ.

ದಡದಲ್ಲಿ ಮೌನಿ ಪ್ಲಾಸ್ಟಿಕ್ ಚೀಲದಿಂದ ಕೈ ವೈರ್‌ಲೆಸ್ಸನ್ನು ತೆಗೆದು ಕಿವಿಗೆ ಹಿಡಿದ. ಕಮರಿಯೊಳಗೆ ಅದಕ್ಕೆ ದನಿಯಿಲ್ಲ. ಅಕ್ಕ ಇದ್ದಾಳೋ ಇಲ್ಲವೋ ಕೇಳುವುದಕ್ಕೂ ದಾರಿಯಿಲ್ಲ. ಬೆಳಕು ಇರುವವರೆಗೆ ಹತ್ತಿದರು, ಬಂಡೆಯ ಸಂದಿನಲ್ಲಿ ಮುದುಡಿ ಕೂತರು, ಬೆಳಕಾದ ಕೂಡಲೇ ಮತ್ತೆ ಹತ್ತಿದರು. ಕುಂಟುತ್ತಿದ್ದ ಭಾವ ಎಲ್ಲರಿಗಿಂತ ಮುಂದಿದ್ದರು.

ಆಚೆ ಕ್ಯಾಂಪಿನ ಡೇರೆಯಲ್ಲಿ ಅಕ್ಕ ಕಣ್ಣು ತೆರೆದಳು. ತುಟಿ ಒಡೆದಿತ್ತು.

"ಬಂದ್ಯೇನೇ? ಇವರೂ ಬಂದ್ರಾ? ಗಂಟೆ ಸದ್ದೇ ಕೇಳಲಿಲ್ಲ. ಯಾರೋ ಬೇರೆಯವರು ಅಂದ್ಕೊಂಡೆ."

ಭಾವ ಅವಳ ಪಾದ ಮುಟ್ಟಿ ನೋಡಿದರು. ಬೆಂಕಿಯ ಹಾಗಿತ್ತು. "ಮಾತಾಡ್ಬೇಡ, ಸುಮ್ನಿರು," ಎಂದರು.

ಪಿಕಪ್ಪಿನ ಸೀಟಿನಡಿ ಜ್ಯಾಕಿನ ಜೊತೆ ಒಂದು ತುಕ್ಕು ಹಿಡಿದ ಸ್ಪ್ಯಾನರು, ಒಂದು ಇಕ್ಕಳ ಸಿಕ್ಕವು. ಮೇಸ್ತ್ರಿ ಬ್ಯಾಟರಿ ತಂತಿ ಕಳಚಿದಳು, ವೈರಿನ ಸಾಕೆಟ್ಟನ್ನು ಪೆಟ್ರೋಲಿನಿಂದ ಉಜ್ಜಿ ತೊಳೆದು ಒಣಗಿಸಿದಳು, ಟ್ಯೂಬು ಕೊಯ್ದಳು. ಪೆಟ್ಟಿಗೆ ಶೆಡ್ಡಿನಿಂದ ಹೊರಟಾಗಿನಷ್ಟೇ ಬೆಚ್ಚಗೆ, ಒಣಗಿಯೇ ಇತ್ತು. ಕೂರಿಸಿ ಬೋಲ್ಟು ಬಿಗಿದು ಬ್ಯಾಟರಿ ಸೇರಿಸಿದಳು. ಕೀ ತಿರುಗಿಸಿದಳು. ಎಂಜಿನ್ ದೀಪ ಹತ್ತಿತು.

"ಬಂತು," ಎಂದ ಸರ್ವೆಯರ್, ಅಳುವವನ ಹಾಗೆ.

ಎಂಜಿನ್ ಗುರ್ರೆಂದು ಹಿಡಿಯಿತು. ಒಂದು ಉಸಿರಿನಷ್ಟು ಓಡಿತು. ನಿಂತಿತು.

ಮತ್ತೆ ಅದೇ. ಹಿಡಿಯುವುದು, ಸಾಯುವುದು. ಮೂಲೆಯಲ್ಲಿ ಕೀ ಚಿತ್ರದ ಪುಟ್ಟ ಕೆಂಪು ದೀಪವೊಂದು ಕಣ್ಣು ಮಿಟುಕಿಸುತ್ತಿತ್ತು.

ಆ ದೀಪ ನೋಡಿದ ಮೇಲೆ ಮೇಸ್ತ್ರಿ ಕೀಯಿಂದ ಕೈ ತೆಗೆದಳು. ಪಟ್ಟಣದ ಗ್ಯಾರೇಜಿನಲ್ಲಿದ್ದಾಗ ಇಂಥ ಪೆಟ್ಟಿಗೆಗಳನ್ನು ಎಷ್ಟೋ ಸಲ ಕೂರಿಸಿದ್ದಳು. ಕೂರಿಸಿ ಕೈ ಒರೆಸಿಕೊಂಡು ಚಹಾಕ್ಕೆ ಹೋಗಿಬಿಡುತ್ತಿದ್ದಳು. ಅವಳು ಚಹಾ ಕುಡಿಯುವಾಗ ಲ್ಯಾಪ್‌ಟಾಪಿನವನೊಬ್ಬ ಬಂದು ಹೊಸ ಪೆಟ್ಟಿಗೆಗೂ ಕೀಗೂ ಪರಿಚಯ ಮಾಡಿಸುತ್ತಿದ್ದ. ಅದು ಅವನ ಕೆಲಸ. ತನ್ನದಲ್ಲದ ಕೆಲಸವಾದ್ದರಿಂದ ಅದು ಅವಳ ಲೆಕ್ಕಕ್ಕೇ ಬಂದಿರಲಿಲ್ಲ.

ಗಾಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಡೇರೆಯೊಳಗಿಂದ ಅಕ್ಕನ ನರಳಾಟ ಕೇಳಿಸುತ್ತಿತ್ತು. ಸರ್ವೆಯರ್ ಏನೋ ಕೇಳಿದ. ಮೌನಿ ಏನೋ ಹೇಳಿದ. ಅವಳ ಕಣ್ಣು ಕೈಯ ಗ್ರೀಸಿನ ಮೇಲೆ ನಿಂತುಬಿಟ್ಟಿತ್ತು.

"ಏನಾಯ್ತಮ್ಮ? ಬಾಯಿ ಬಿಟ್ಟು ಹೇಳು," ಎಂದರು ಭಾವ.

"ನನ್ನಿಂದ ಆಗಲ್ಲ ಭಾವ. ಕೀ ತಲೆಯೊಳಗೆ ಒಂದು ಎಲೆಕ್ಟ್ರಾನಿಕ್ ಚಿಪ್ ಇರುತ್ತೆ. ಪೆಟ್ಟಿಗೆ ತನ್ನ ಕೀ ಮಾತು ಮಾತ್ರ ಕೇಳೋದು, ಈ ಗಾಡಿ ಕೀ ಅದಕ್ಕೆ ಪರಕೀಯ. ನಿಮ್ಮ ಗಾಡಿ ಕೀ ಇದ್ದಿದ್ರೆ..." ಅವಳು ಕಮರಿಯ ಕಡೆ ನೋಡಿದಳು. "ನಾನೇ ಬೈದು ಎಸೆಸಿದ್ದು. ನಾನೇ."

ಭಾವ ಅಲ್ಲೇ ಕೆಸರಿನಲ್ಲಿ ಕೂತು ಶೂ ಬಿಚ್ಚತೊಡಗಿದರು.

ಯಾಕೆಂದು ಯಾರಿಗೂ ತಿಳಿಯಲಿಲ್ಲ. ಕಾಲುಚೀಲ ರಕ್ತಕ್ಕೆ ಅಂಟಿಕೊಂಡಿತ್ತು. ಅದನ್ನು ನಿಧಾನವಾಗಿ ಸುಲಿದು, ಒಳಗೆ ಬೆರಳು ಹಾಕಿ, ಕರೀ ತಲೆಯ ಕೀಯೊಂದನ್ನು ತೆಗೆದು ಅಂಗೈಯಲ್ಲಿಟ್ಟು ಚಾಚಿದರು. ಪಾದದ ಕೆಳಗೆ ಕೀಯ ಹಲ್ಲುಗಳ ಅಚ್ಚು ಒತ್ತಿತ್ತು.

"ಗಂಟೆ, ಗೊಂಚಲು ಎಲ್ಲಾ ಎಸೆದೆ ಕಣಮ್ಮ," ಎಂದರು ತಪ್ಪು ಮಾಡಿದವರಂತೆ. "ಇದೊಂದನ್ನ ಮಾತ್ರ ಬಿಡಿಸ್ಕೊಂಡೆ. ಇಟ್ಕೊಂಡಿದ್ದೀನಿ ಅಂದ್ರೆ ನೀನು ಮತ್ತೆ ಬೈತೀಯ ಅಂತ ಇಲ್ಲಿ ಬಚ್ಚಿಟ್ಟೆ."

ಮೇಸ್ತ್ರಿ ಎದ್ದಳು. ಕೀ ಕಿತ್ತುಕೊಂಡು ಗಾಡಿಯೊಳಗೆ ಹಾರಿದಳು.

ಭಾವನ ಕೀ ಈ ಬೀಗದಲ್ಲಿ ತಿರುಗುವಂಥದ್ದಲ್ಲ. ಅದರ ತಲೆಯನ್ನು ಬೀಗದ ಬಾಯಿಗೆ ಒತ್ತಿ ಹಿಡಿದು ಗಾಡಿಯ ಕೀಯನ್ನು ತಿರುಗಿಸಿದಳು. ಹಿಡಿಯಿತು. ಸತ್ತಿತು. ಕೆಂಪು ದೀಪ ಮಿಟುಕಿತು.

"ಎರಡೂ ಒಟ್ಟಿಗೆ ಮಾತಾಡ್ತಿವೆ," ಎಂದು ಗೊಣಗಿದಳು. "ಇದರ ಬಾಯಿ ಮುಚ್ಚಿಸ್ಬೇಕು. ಮೌನಿ, ಬಿಸ್ಕತ್ತಿನ ಪೊಟ್ಟಣ ಇದೆಯಾ? ಬೆಳ್ಳಿ ಕಾಗದ ಬೇಕು."

ಮೌನಿ ಜೇಬು ತಡಕಿ ಮುದುರಿದ ಕಾಗದ ಕೊಟ್ಟ. ಗಾಡಿಯ ಕೀಯ ತಲೆಗೆ ಅದನ್ನು ಸುತ್ತುಸುತ್ತಾಗಿ ಬಿಗಿದಳು. ಭಾವನ ಕೀಯನ್ನು ಒತ್ತಿ ಹಿಡಿದಳು. ತಿರುಗಿಸಿದಳು.

ಹಿಡಿಯಿತು. ಒಂದು ಉಸಿರು. ಎರಡು. ಕೆಂಪು ದೀಪ ಆರಿತು. ಎಂಜಿನ್ ಓಡುತ್ತಲೇ ಇತ್ತು.

ಯಾರೂ ಕೂಗಲಿಲ್ಲ. ಕೂಗಿದರೆ ಎಲ್ಲಿ ಬೆದರಿ ನಿಂತೀತೋ ಎಂಬಂತೆ ಎಲ್ಲರೂ ಮೆಲ್ಲಗೆ ಉಸಿರಾಡಿದರು.

ಅಕ್ಕನನ್ನು ಹಾಸಿಗೆ ಸಮೇತ ಹಿಂದೆ ಮಲಗಿಸಿದರು. ಸ್ಟೀರಿಂಗು ಭಾವನ ಕೈಗೆ, ಬರಿಗಾಲಿನಲ್ಲಿ. ಮೌನಿ, ಸರ್ವೆಯರ್ ಅಕ್ಕನ ಅಕ್ಕಪಕ್ಕ. ದಾರಿಯುದ್ದಕ್ಕೂ ಮುರಿದ ಕೊಂಬೆ, ಕೊರೆದ ಚರಂಡಿ. ಒಂದು ತಿರುವಿನಲ್ಲಿ ಗಾಡಿ ಕೆಸರಿಗೆ ಕೂತು ಎಂಜಿನ್ ನಿಂತಿತು. ಮೇಸ್ತ್ರಿ ಮತ್ತೆ ಆ ಕೀಯನ್ನು ಒತ್ತಿ ಹಿಡಿದಳು. ಮತ್ತೆ ಹಿಡಿಯಿತು. ಮೌನಿ ಮಾತ್ರ ಇಳಿಯುವವರೆಗೂ ತುಟಿಪಿಟಕ್ಕೆನ್ನಲಿಲ್ಲ. ಬಾವಿಗೆ ಬಿದ್ದ ಮಾವ ಬಾವಿಯಲ್ಲೇ ಉಳಿದ.

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರಿನ ಮೇಲಿಂದ ಅಕ್ಕ ಗಂಡನ ಪಾದದತ್ತ ನೋಡಿದಳು.

"ಆ ಹಾಳು ಕೀ ಬಿಸಾಕಿ ಅಂತ ನಾನೂ ಎಷ್ಟು ಸಲ ಹೇಳಿದ್ದೆ," ಎಂದಳು.

"ಹೇಳಿದ್ದೆ," ಎಂದರು ಭಾವ.

ಅವರು ಒಳಗೆ ಹೋದ ಮೇಲೂ ಮೇಸ್ತ್ರಿ ಎಂಜಿನ್ ಆರಿಸದೆ ಕೂತಿದ್ದಳು. ಕಾಲು ಉಳಿಯುತ್ತದೆ, ಹೊತ್ತಿಗೆ ಸರಿಯಾಗಿ ತಂದಿರಿ ಎಂದು ಡಾಕ್ಟರು ಅಂದರಂತೆ. ಸರ್ವೆಯರ್ ಓಡಿಬಂದು ಹೇಳಿದ ಮೇಲೆಯೇ ಅವಳ ಕೈ ಕೀಗೆ ಹೋಯಿತು. ಆರಿಸಿದಳು. ಬೀದಿ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು.

ಆಮೇಲೆ, ಎಲ್ಲಿಗೂ ಹೋಗುವುದಿಲ್ಲದಿದ್ದರೂ, ಎರಡೂ ಕೀ ಹಿಡಿದು ಇನ್ನೊಂದು ಸಲ ತಿರುಗಿಸಿದಳು. ಹಿಡಿಯಿತು.